12 ನಿಮಿಷ ಸಿಗಲಿಲ್ಲವಂತೆ

“ಸಮಯದ ಅಭಾವ ಇರೋದರಿಂದ ಅಲೈಡ್ ಹೆಲ್ತ್ ಸೈನ್ಸಸ್ ವಿದ್ಯಾರ್ಥಿಗಳು ದಯವಿಟ್ಟು ತಮ್ಮ ತಮ್ಮ ಜಾಗದಲ್ಲೇ ಎದ್ದು ನಿಲ್ಲಬೇಕು. ಎಲ್ಲರಿಗೂ ಒಟ್ಟಾಗಿ ಚಪ್ಪಾಳೆ ಹೊಡೆಯೋಣ.”

ಇವತ್ತು ಕಾಲೇಜಿನ ಗ್ರಾಜುಯೇಷನ್ ಡೇ ವೇದಿಕೆಯಲ್ಲಿ ನಿರೂಪಕರು ಇಷ್ಟು ಹೇಳಿದರು, ಮುಗೀತು. 62 ಮಕ್ಕಳ ಗ್ರಾಜುಯೇಷನ್ ಅಷ್ಟಕ್ಕೇ ಮುಗೀತು.

ಯಾವ ಸಮಯದ ಅಭಾವ ಸ್ವಾಮಿ? ಇಂಥ ವೇದಿಕೆ ನಡೆಸಿ ಗೊತ್ತಿರುವ ಯಾರನ್ನಾದರೂ ಕೇಳಿ ನೋಡಿ. ಹೆಸರು ಓದೋಕೆ 3 ಸೆಕೆಂಡು, ನಡೆದು ಬರೋಕೆ 4, ಫೋಲ್ಡರ್ ಕೊಟ್ಟು ಫೋಟೊ ತೆಗೆಯೋಕೆ 5. ಒಬ್ಬರಿಗೆ 12 ಸೆಕೆಂಡು. 62 ಜನಕ್ಕೆ 12 ನಿಮಿಷ 24 ಸೆಕೆಂಡು. ಎಂಬಿಬಿಎಸ್‌ನ 150 ಜನಕ್ಕೆ ಅರ್ಧ ಗಂಟೆ ಸಿಕ್ಕಿತು, ನರ್ಸಿಂಗ್‌ನ 100 ಜನಕ್ಕೆ 20 ನಿಮಿಷ ಸಿಕ್ಕಿತು, ಫಿಸಿಯೋಥೆರಪಿಯವರಿಗೂ ಸಿಕ್ಕಿತು. ಅಲೈಡ್ ಹೆಲ್ತ್‌ನ, ಅಂದರೆ ಡಯಾಲಿಸಿಸ್, ಓಟಿ (ಆಪರೇಷನ್ ಥಿಯೇಟರ್), ಅನಸ್ತೇಷಿಯಾ, ಲ್ಯಾಬ್, ಇಮೇಜಿಂಗ್ (ಎಕ್ಸ್‌ರೇ, ಸ್ಕ್ಯಾನ್) ಮಕ್ಕಳ ಸರದಿ ಬಂದಾಗ ಮಾತ್ರ ಗಡಿಯಾರ ನೆನಪಾಯಿತು.

ಕೂತಲ್ಲೇ ನಿಲ್ಲಿಸಿದ್ದನ್ನಾದರೂ ಹೇಗೋ ನುಂಗಿಕೊಳ್ಳಬಹುದಿತ್ತು. ಅದಕ್ಕೆ ಮುಂಚೆ ನಡೆದದ್ದು ಇದೆಯಲ್ಲ, ಅದು ಗಂಟಲಲ್ಲೇ ಕೂತಿದೆ.

ಮೊದಲ ಹತ್ತು ಜನರನ್ನು ಆಗಲೇ ಸಾಲಿನಲ್ಲಿ ತಂದು ಎಡಗಡೆ ಮೆಟ್ಟಿಲ ಮೇಲೆ ನಿಲ್ಲಿಸಿದ್ದರು. ಎಲ್ಲರಿಗಿಂತ ಮುಂದೆ ಡಯಾಲಿಸಿಸ್ ಟೆಕ್ನಾಲಜಿಯ ಹುಡುಗಿ. ಕೈಯಲ್ಲಿ ಹೆಸರಿನ ಚೀಟಿ. ಒಂದು ಕಾಲು ವೇದಿಕೆ ಮೇಲೆ, ಇನ್ನೊಂದು ಮೆಟ್ಟಿಲ ಮೇಲೆ. ನಿರೂಪಕರು ಚೀಟಿ ತಗೊಳ್ಳೋಕೆ ಕೈ ಚಾಚಬೇಕು, ಚಾಚಲಿಲ್ಲ. ಮೈಕಿಗೆ ಅರ್ಧಂಬರ್ಧ ಅಂಗೈ ಅಡ್ಡ ಹಿಡಿದು, “ನೀನು ಯಾವ ಕೋರ್ಸಮ್ಮಾ? ಡಯಾಲಿಸಿಸ್ಸಾ? ಇಳಿ ಇಳಿ, ಗೆಸ್ಟ್ ಹೊರಡ್ತಾ ಇದಾರೆ” ಅಂದರು. ಅಂಗೈ ಅಡ್ಡ ಇದ್ದರೂ ಹಾಲ್ ತುಂಬ ಕೇಳಿಸಿತು.

ಇಳಿಯೋದಾದರೂ ಹೇಗೆ? ಹಿಂದೆ ಒಂಬತ್ತು ಜನ ಇದ್ದಾರೆ. ಮೆಟ್ಟಿಲ ಅಗಲ ಒಬ್ಬರು ಹತ್ತೋಕಷ್ಟೇ. ಕೊನೆಯವನು ಹಿಂದಕ್ಕೆ ತಿರುಗಿ ಇಳಿದರೆ ಅವನ ಮುಂದಿನವನು ಇಳಿಯಬೇಕು. ಅಷ್ಟು ಹೊತ್ತೂ ಆ ಹುಡುಗಿ ಅಲ್ಲೇ ನಿಂತಿರಬೇಕು, ಲೈಟಿನ ಕೆಳಗೆ, ಸಾವಿರ ಜನರ ಎದುರಿಗೆ. ಮುಂದಕ್ಕೆ ಹೋಗುವ ಹಾಗಿಲ್ಲ, ಹಿಂದಕ್ಕೆ ಜಾಗ ಇಲ್ಲ. ಗೌನಿನ ಅಂಚು ಹಿಮ್ಮಡಿಯ ಕೆಳಗೆ ಸಿಕ್ಕಿಕೊಂಡಿತ್ತು. ಒಂದು ಕೈಯಲ್ಲಿ ಟೋಪಿ ಹಿಡಿದು ಇನ್ನೊಂದು ಕೈಯಲ್ಲಿ ಗೌನು ಎತ್ತಿಕೊಂಡಳು. ಚೀಟಿ ಕೆಳಗೆ ಬಿತ್ತು. ಅದನ್ನು ಎತ್ತಿಕೊಡೋಕೆ ಒಬ್ಬರೂ ಬಗ್ಗಲಿಲ್ಲ. ನಡುದಾರಿಯಲ್ಲಿ ಅವಳ ಅಪ್ಪ ಮೊಬೈಲ್ ಎತ್ತಿ ಹಿಡಿದು ವಿಡಿಯೋ ಮಾಡುತ್ತಿದ್ದರು. ಏನಾಗುತ್ತಿದೆ ಅಂತ ಅವರಿಗೆ ತಿಳಿಯಲಿಲ್ಲ. ಮಗಳು ಕೆಳಗಿಳಿದು ಕುರ್ಚಿಗೆ ಬಂದು ಕೂರುವವರೆಗೂ ರೆಕಾರ್ಡ್ ಆಗುತ್ತಲೇ ಇತ್ತು.

ಅದೇ ಹೊತ್ತಿಗೆ ವೇದಿಕೆಯ ಆ ತುದಿಯಲ್ಲಿ ಮುಖ್ಯ ಅತಿಥಿಗಳಿಗೆ ಎರಡನೇ ಸಲ ಶಾಲು. ಎರಡನೇ ಸಲ! ಬಂದಾಗ ಒಂದು ಹೊದಿಸಿದ್ದರು, ಹೊರಡುವಾಗ ಇನ್ನೊಂದು.

ಸಮಯ ಎಲ್ಲಿ ಹೋಯಿತು ಅಂತ ಕೇಳುವವರು ಲೆಕ್ಕ ತಗೊಳ್ಳಿ. ಆಹ್ವಾನ ಪತ್ರಿಕೆಯಲ್ಲಿ 10 ಗಂಟೆ, ಅತಿಥಿಗಳು ಬಂದದ್ದು 11.20ಕ್ಕೆ. ಮಕ್ಕಳು 8.30ಕ್ಕೇ ಗೌನು ಹಾಕಿಕೊಂಡು ಕೂತಿದ್ದಾರೆ. ಪಾಲಿಯೆಸ್ಟರ್ ಗೌನು, ಕೆಳಗೆ ಸೀರೆ, ಹಾಲಿನಲ್ಲಿ ಗಾಳಿ ಇಲ್ಲ. ದೀಪ ಬೆಳಗಿದ್ದಾಯಿತು, ಸ್ವಾಗತ ಆಯಿತು, ಆಮೇಲೆ ಸನ್ಮಾನ. 14 ಜನ. ಒಬ್ಬೊಬ್ಬರಿಗೂ ಹಾರ, ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ, ಸ್ಮರಣಿಕೆ. ಐದನ್ನೂ ಕೊಟ್ಟು, ಫೋಟೊಗೆ ನಿಂತು, ಪೇಟ ಸರಿಮಾಡಿಕೊಂಡು ಕೂರೋಕೆ ಏನಿಲ್ಲವೆಂದರೂ 2 ನಿಮಿಷ. 28 ನಿಮಿಷ ಅಲ್ಲೇ ಹೋಯಿತು. ಹಾರ ಮತ್ತು ಸ್ಮರಣಿಕೆ ಇಷ್ಟೇ ಸಾಕು ಅಂತ ಯಾರಾದರೂ ಒಬ್ಬರು ಹೇಳಿದ್ದರೆ ಈ 62 ಮಕ್ಕಳ ಹೆಸರು ಕರೆದು, ಮೇಲೆ ನಾಲ್ಕು ನಿಮಿಷ ಉಳಿಯುತ್ತಿತ್ತು.

ಇದು ಅಕಸ್ಮಾತ್ ಆದ ತಪ್ಪೂ ಅಲ್ಲ. ಪಟ್ಟಿಯ ಕೊನೆಯಲ್ಲಿ ಯಾರನ್ನು ಹಾಕುತ್ತೀರೋ ಅವರಿಗೇ ಕತ್ತರಿ ಬೀಳುತ್ತದೆ. ಇಂಥ ಪ್ರತಿ ಕಾರ್ಯಕ್ರಮದಲ್ಲೂ ಬೀಳುತ್ತದೆ, ಕೊನೆಯಲ್ಲಿ ಹಾಕುವುದೂ ಪ್ರತಿ ಸಲ ಇವರನ್ನೇ. ಅತಿಥಿ ಹೊರಟರೆ ಪ್ರಾಂಶುಪಾಲರು ಕೊಡಬಹುದಿತ್ತು, ವಿಭಾಗದ ಮುಖ್ಯಸ್ಥರು ಕೊಡಬಹುದಿತ್ತು. ನಾಲ್ಕು ವರ್ಷ ಪಾಠ ಹೇಳಿದ ಮೇಷ್ಟ್ರು ಕೈಯಾರೆ ಕೊಡುವುದಕ್ಕಿಂತ ದೊಡ್ಡದೇನಿದೆ? ಅತಿಥಿಗೆ ವಿಮಾನ ಇದೆ ಅಂತ ಹಿಂದಿನ ದಿನವೇ ಗೊತ್ತಿದ್ದರೆ ಭಾಷಣಗಳನ್ನು ಕೊನೆಗೆ ಇಟ್ಟು ಹೆಸರು ಕರೆಯುವುದನ್ನು ಮೊದಲು ಮುಗಿಸಬೇಕಿತ್ತು. ಹಿಂದಿನ ಸಂಜೆ ರಿಹರ್ಸಲ್ ಮಾಡಿಸಿದ್ದರಲ್ಲ! ಎಡ ಮೆಟ್ಟಿಲಿಂದ ಹತ್ತಬೇಕು, ಬಲ ಮೆಟ್ಟಿಲಿಂದ ಇಳಿಯಬೇಕು, ಚಾಕ್‌ಪೀಸಿನಲ್ಲಿ ಗುರುತು ಹಾಕಿದ ಜಾಗದಲ್ಲಿ ನಿಂತು ಕ್ಯಾಮೆರಾ ನೋಡಬೇಕು, ಎಡಗೈಯಲ್ಲಿ ಇಸ್ಕೋಬಾರದು, ಎರಡೂ ಕೈಯಲ್ಲಿ ತಗೊಳ್ಳಬೇಕು. ಈ ಮಕ್ಕಳಿಗೂ ಎಲ್ಲಾ ಹೇಳಿಕೊಟ್ಟಿದ್ದರು. ಒಬ್ಬೊಬ್ಬರಿಂದಲೂ ಹೆಸರಿನ ಚೀಟಿ ಬರೆಸಿಕೊಂಡಿದ್ದರು, ಉಚ್ಚಾರ ತಪ್ಪಬಾರದು ಅಂತ. ಆ ಚೀಟಿಗಳು ಕುರ್ಚಿ ಕೆಳಗೆ ಬಿದ್ದಿದ್ದವು.

ಸರಿ, ಬಿಡಿ. ಕಾನೂನಿನ ಪ್ರಕಾರ ನೋಡಿದರೆ ಯಾರೂ ಏನೂ ಕಳೆದುಕೊಂಡಿಲ್ಲ. 1956ರ ಯುಜಿಸಿ ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ ಪದವಿ ಕೊಡುವ ಅಧಿಕಾರ ವಿಶ್ವವಿದ್ಯಾಲಯಕ್ಕೆ ಇರುವುದೇ ಹೊರತು ಅದಕ್ಕೆ ಸಂಯೋಜನೆಗೊಂಡ ಕಾಲೇಜಿಗಲ್ಲ. ಕಾಲೇಜಿನವರು ಮಾಡುವ ಗ್ರಾಜುಯೇಷನ್ ಡೇ ಒಂದು ಬೀಳ್ಕೊಡುಗೆ, ಘಟಿಕೋತ್ಸವ ಅಲ್ಲ. ವೇದಿಕೆಯಲ್ಲಿ ಕೊಡುವ ಫೋಲ್ಡರಿನಲ್ಲಿ ಪದವಿ ಪ್ರಮಾಣಪತ್ರ ಇರುವುದಿಲ್ಲ. ಹೆಚ್ಚೆಂದರೆ ಒಂದು ಶುಭಾಶಯ ಪತ್ರ, ಇಲ್ಲವೇ ಖಾಲಿ. ಹೆಸರು ಹಾಕಿ ಇಟ್ಟರೂ ಕಷ್ಟ, ಯಾಕೆಂದರೆ ಒಬ್ಬ ಗೈರಾದರೆ ಹಿಂದಿನವರ ಕ್ರಮವೆಲ್ಲ ತಪ್ಪಿ ಒಬ್ಬರದ್ದು ಇನ್ನೊಬ್ಬರ ಕೈ ಸೇರುತ್ತದೆ. ನಿಜವಾದ ಪ್ರಮಾಣಪತ್ರ ಬರುವುದು ವಿಶ್ವವಿದ್ಯಾಲಯದ ಘಟಿಕೋತ್ಸವ ಆದಮೇಲೆ. ನಮ್ಮ ಕರ್ನಾಟಕದಲ್ಲಿ 1996ರಲ್ಲಿ ಶುರುವಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕೆಳಗೆ ಮೆಡಿಕಲ್, ಡೆಂಟಲ್, ನರ್ಸಿಂಗ್, ಫಾರ್ಮಸಿ, ಆಯುಷ್, ಅಲೈಡ್ ಹೆಲ್ತ್ ಎಲ್ಲವೂ ಬರುತ್ತವೆ. ಅಷ್ಟು ಸಾವಿರ ಜನರನ್ನು ಅಲ್ಲಿ ವೇದಿಕೆಗೆ ಕರೆಯುವುದು ಆಗದ ಮಾತು. ಅಲ್ಲಿ ಪದಕ ಗೆದ್ದವರು, ಪಿಎಚ್‌.ಡಿ.ಯವರಂಥ ಕೆಲವರಿಗಷ್ಟೇ ವೇದಿಕೆ.

ಹಾಗಾಗಿಯೇ ಹೊಟ್ಟೆ ಉರಿಯುವುದು. ಮಾಮೂಲಿ ವಿದ್ಯಾರ್ಥಿಯ ಹೆಸರನ್ನು ಮೈಕಿನಲ್ಲಿ ಕರೆಯುವ ಜಾಗ ಜೀವಮಾನದಲ್ಲಿ ಇದೊಂದೇ. ಪ್ರಮಾಣಪತ್ರ ಆಮೇಲೆ ಹೇಗೂ ಬರುತ್ತದೆ, ಡಿಜಿಲಾಕರ್‌ನಲ್ಲೂ ಸಿಗುತ್ತದೆ. ಇವತ್ತು ಕೊಡಬೇಕಾಗಿದ್ದದ್ದು ಒಂದು ಹೆಸರು ಮತ್ತು ವೇದಿಕೆ ಮೇಲೆ ಹತ್ತು ಹೆಜ್ಜೆ. ಕೊಡಲಿಲ್ಲ. ಊರಿಂದ ರಾತ್ರಿ ಬಸ್ ಹತ್ತಿ ಬಂದ ಅಪ್ಪ ಅಮ್ಮ ಕೇಳೋಕೆ ಬಂದಿದ್ದದ್ದು ಆ ಹೆಸರನ್ನೇ.

ಈ ಮಕ್ಕಳು ಏನು ಕೆಲಸ ಮಾಡುತ್ತಾರೆ ಅಂತ ಆ ವೇದಿಕೆ ಮೇಲಿದ್ದವರಿಗೆ ಗೊತ್ತಿಲ್ಲ ಅಂತಲೂ ಹೇಳುವ ಹಾಗಿಲ್ಲ, ಅರ್ಧ ಜನ ಡಾಕ್ಟರುಗಳೇ. ಡಯಾಲಿಸಿಸ್‌ನವರನ್ನೇ ತಗೊಳ್ಳಿ. ಬೆಳಿಗ್ಗೆ ಮೊದಲ ಪಾಳಿಗೆ ಮುಂಚೆ ಆರ್‌ಓ ನೀರಿನಲ್ಲಿ ಕ್ಲೋರಿನ್, ಕ್ಲೋರಮೈನ್ ಉಳಿದಿದೆಯಾ ಅಂತ ಪರೀಕ್ಷೆ ಮಾಡುವುದು ಯಾರು? ಅದು ತಪ್ಪಿದರೆ ರೋಗಿಯ ಕೆಂಪು ರಕ್ತಕಣಗಳು ಒಡೆಯುತ್ತವೆ. ರಕ್ತ ಸೋಸುವ ಡಯಲೈಸರಿಗೂ ಟ್ಯೂಬಿಗೂ ಸಲೈನ್ ಹಾಯಿಸಿ ಗಾಳಿಗುಳ್ಳೆ ಒಂದೂ ಉಳಿಯದ ಹಾಗೆ ತೆಗೆಯುವುದು, ತೂಕ ನೋಡಿ ಎಷ್ಟು ನೀರು ಇಳಿಸಬೇಕು ಅಂತ ಮಷಿನ್‌ಗೆ ಹಾಕುವುದು, ಫಿಸ್ಟುಲಾ (ಡಯಾಲಿಸಿಸ್‌ಗಾಗಿ ಕೈಯಲ್ಲಿ ಜೋಡಿಸಿದ ರಕ್ತನಾಳ) ಮೇಲೆ ಬೆರಳಿಟ್ಟು ಮಿಡಿತ ನೋಡಿ ಎರಡು ದಪ್ಪ ಸೂಜಿ ಚುಚ್ಚುವುದು, ರಕ್ತ ಹೆಪ್ಪುಗಟ್ಟದ ಹಾಗೆ ಕೊಡುವ ಹೆಪಾರಿನ್ ಲೆಕ್ಕ ನೋಡಿಕೊಳ್ಳುವುದು. ನಿಮಿಷಕ್ಕೆ 500 ಮಿ.ಲೀ. ಡಯಾಲಿಸೇಟ್ (ರಕ್ತದ ಕಶ್ಮಲ ಸೆಳೆದುಕೊಳ್ಳುವ ದ್ರವ) ಅಂದರೆ 4 ಗಂಟೆಗೆ 120 ಲೀಟರ್ ಒಬ್ಬ ರೋಗಿಯ ರಕ್ತದ ಪಕ್ಕದಲ್ಲಿ ಹರಿದು ಹೋಗುತ್ತದೆ. ಅಷ್ಟು ಹೊತ್ತೂ ಬಿಪಿ ಬಿದ್ದರೆ, ಕಾಲು ಸೆಳೆದರೆ, ಅಲಾರ್ಮ್ ಹೊಡೆದರೆ ಮೊದಲು ಓಡಿ ಬರುವುದು ಟೆಕ್ನಾಲಜಿಸ್ಟ್. ವಾರಕ್ಕೆ ಮೂರು ಸಲ ಬರುವ ರೋಗಿ ಕಿಡ್ನಿ ಡಾಕ್ಟರಾದ ನೆಫ್ರಾಲಜಿಸ್ಟರನ್ನು ನೋಡುವುದಕ್ಕಿಂತ ಹೆಚ್ಚು ನೋಡುವುದು ಇವರ ಮುಖವನ್ನು.

ಸಂಸತ್ತು 2021ರಲ್ಲಿ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳಿಗೇ ಒಂದು ರಾಷ್ಟ್ರೀಯ ಆಯೋಗದ ಕಾಯ್ದೆ ಮಾಡಿತು. ಹೆಲ್ತ್‌ಕೇರ್ ಪ್ರೊಫೆಷನಲ್ ಅನ್ನಿಸಿಕೊಳ್ಳಬೇಕಾದರೆ 3ರಿಂದ 6 ವರ್ಷಗಳಲ್ಲಿ ಕನಿಷ್ಠ 3,600 ಗಂಟೆಗಳ ಪದವಿ ಓದಿರಬೇಕು ಅಂತ ಬರೆಯಿತು. ಕಾಯ್ದೆಯಲ್ಲಿ ಇವರ ವೃತ್ತಿಗೆ ಜಾಗ ಸಿಕ್ಕಿತು, ಕಾಲೇಜಿನ ವೇದಿಕೆಯಲ್ಲಿ ಸಿಗಲಿಲ್ಲ.

ಪ್ರಮಾಣವಚನದ ಕಥೆಯೂ ಹೀಗೇ. ಎಂಬಿಬಿಎಸ್‌ನವರಿಗೆ ಅವರದ್ದೊಂದು. ನರ್ಸಿಂಗ್‌ನವರು ದೀಪ ಹಿಡಿದು ನೈಟಿಂಗೇಲ್ ಪ್ರತಿಜ್ಞೆ ಹೇಳಿದರು. 1893ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಬರೆದದ್ದು, ಇವತ್ತಿಗೂ ಹೇಳುವಾಗ ಹಾಲ್ ನಿಶ್ಶಬ್ದವಾಗುತ್ತದೆ. ಅಲೈಡ್ ಹೆಲ್ತ್‌ನವರಿಗೆ “ನೀವೂ ಜೊತೆಗೆ ಹೇಳಿಬಿಡಿ” ಅಂದರು. ಯಾವುದನ್ನು ಅಂತ ಹೇಳಲಿಲ್ಲ, ಕಾಗದವನ್ನೂ ಕೊಟ್ಟಿರಲಿಲ್ಲ. ರೋಗಿಯ ಗುಟ್ಟು ಕಾಪಾಡುತ್ತೇನೆ, ರಿಪೋರ್ಟ್ ತಿದ್ದುವುದಿಲ್ಲ, ಸ್ಯಾಂಪಲ್ ಅದಲುಬದಲು ಮಾಡುವುದಿಲ್ಲ ಅಂತ ನಾಲ್ಕು ಸಾಲು ಬರೆದುಕೊಡೋಕೆ ಒಬ್ಬ ಮೇಷ್ಟ್ರಿಗೆ ಹತ್ತು ನಿಮಿಷ ಸಾಕು.

ದುಡ್ಡಿನ ವಿಷಯದಲ್ಲಿ ಮಾತ್ರ ಎಲ್ಲರೂ ಸಮಾನ. ಗ್ರಾಜುಯೇಷನ್ ಫೀಸು 2,500 ರೂಪಾಯಿ, ಗೌನಿಗೆ ಡೆಪಾಸಿಟ್ 1,000. ಎಂಬಿಬಿಎಸ್‌ಗೂ ಅಷ್ಟೇ, ಲ್ಯಾಬಿನವರಿಗೂ ಅಷ್ಟೇ. ಕಟ್ಟದಿದ್ದರೆ ನೋ ಡ್ಯೂ (ಬಾಕಿ ಏನೂ ಇಲ್ಲ ಅನ್ನುವ ಪತ್ರ) ಸಹಿ ಇಲ್ಲ. ನೋ ಡ್ಯೂ ಇಲ್ಲದಿದ್ದರೆ ಟಿಸಿ ಇಲ್ಲ, ಇಂಟರ್ನ್‌ಶಿಪ್ ಮುಗಿಸಿದ ಪತ್ರ ಇಲ್ಲ, ಮುಂದೆ ಕೆಲಸಕ್ಕೆ ಅರ್ಜಿ ಹಾಕೋಕೂ ಆಗಲ್ಲ. ಅದಕ್ಕೇ ಯಾರೂ ಬಾಯಿ ಬಿಡುವುದಿಲ್ಲ. ಇವತ್ತು ಸಂಜೆ ಆ ಮಕ್ಕಳು ಅಳು ನುಂಗಿಕೊಂಡು ಗೌನು ವಾಪಸ್ ಮಾಡೋ ಕೌಂಟರಿನ ಮುಂದೆ ಸಾಲು ನಿಂತಿದ್ದರು, ತಡವಾದರೆ ಡೆಪಾಸಿಟ್ಟಿನಲ್ಲಿ ದಂಡ ಹಿಡಿಯುತ್ತಾರೆ ಅಂತ. ಗೌನು, ಹುಡ್, ಟೋಪಿ, ಟೋಪಿಯ ಕುಚ್ಚು ನಾಲ್ಕೂ ಇದೆಯಾ ಅಂತ ಎಣಿಸಿ ತಗೊಂಡರು. ಅಲ್ಲಿ ಮಾತ್ರ ಒಬ್ಬೊಬ್ಬರ ಹೆಸರನ್ನೂ ಪಟ್ಟಿ ನೋಡಿ ಕರೆದರು.

ಯಾರಿಗೆ ಹೇಳಿ ಏನಾಗಬೇಕು? ಮುಂದಿನ ವರ್ಷವೂ ಇದೇ ಪಟ್ಟಿ, ಇದೇ ಕ್ರಮ, ಇದೇ ಪೇಟ. ಮಕ್ಕಳು ಕೆಲಸಕ್ಕೆ ಸೇರಿ ಮರೆಯುತ್ತಾರೆ ಅಂತ ಕಾಲೇಜಿನವರಿಗೂ ಗೊತ್ತು.

ಇಲ್ಲ, ಹಾಗೆ ಬಿಡೋಕೆ ಆಗಲ್ಲ. ಪ್ರಾಂಶುಪಾಲರೋ, ಆಡಳಿತ ಮಂಡಳಿಯವರೋ, ಕಾರ್ಯಕ್ರಮ ಸಮಿತಿಯಲ್ಲಿ ಇದ್ದವರೋ, ಯಾರಾದರೂ ಒಬ್ಬರು ಉತ್ತರ ಕೊಡಿ. ಸಾಲನ್ನು ವಾಪಸ್ ಕಳಿಸಿ ಅಂತ ಹೇಳಿದ್ದು ಯಾರು? ನಿರೂಪಕರ ಸ್ವಂತ ತೀರ್ಮಾನವೇ, ಮೇಲಿಂದ ಚೀಟಿ ಬಂತೇ? ಎರಡನೇ ಶಾಲು ತರಿಸಿದವರಿಗೆ ಮೆಟ್ಟಿಲ ಮೇಲೆ ನಿಂತಿದ್ದ ಹತ್ತು ಮಕ್ಕಳು ಕಾಣಿಸಲಿಲ್ಲವೇ?

ಸರಿಮಾಡುವುದೂ ಕಷ್ಟದ ಕೆಲಸವಲ್ಲ. ದೊಡ್ಡ ಹಾಲ್ ಬೇಡ, ಅತಿಥಿ ಬೇಡ, ಹೂವಿನ ಅಲಂಕಾರ ಬೇಡ. ಕಾಲೇಜಿನ ಲೆಕ್ಚರ್ ಹಾಲ್, ಒಂದು ಮೈಕ್, ಒಬ್ಬ ಫೋಟೊಗ್ರಾಫರ್, ಅದೇ 62 ಗೌನು. ಒಂದು ಭಾನುವಾರ ಬೆಳಿಗ್ಗೆ ಕರೆಯಿರಿ, ದೂರದಿಂದ ಬರುವ ತಂದೆ ತಾಯಿಗೆ ಬಸ್ ಚಾರ್ಜು ಕಾಲೇಜೇ ಕೊಡಲಿ. ಐದೂ ವಿಭಾಗದ ಮುಖ್ಯಸ್ಥರು ತಮ್ಮ ತಮ್ಮ ಮಕ್ಕಳ ಹೆಸರನ್ನು ತಾವೇ ಓದಿ ತಾವೇ ಕೊಡಲಿ. ಮೊದಲ ಹೆಸರು ಡಯಾಲಿಸಿಸ್‌ನ ಆ ಹುಡುಗಿಯದ್ದಾಗಲಿ. ಇದು ಆಗಲ್ಲ ಅನ್ನುವುದಾದರೆ 2,500ನ್ನು ಪೂರ್ತಿ ವಾಪಸ್ ಕೊಡಿ, ನೋ ಡ್ಯೂಗೂ ಇದಕ್ಕೂ ಗಂಟು ಹಾಕಬೇಡಿ. ಎರಡರಲ್ಲಿ ಯಾವುದು, ಯಾವ ತಾರೀಕು ಅಂತ ಸೋಮವಾರ ನೋಟಿಸ್ ಬೋರ್ಡಿಗೆ ಹಾಕಿ, ಕೆಳಗೆ ಸಹಿ ಮತ್ತು ಹುದ್ದೆ ಇರಲಿ.