ಪಾಠ ಮಾಡಿದ್ದರಿಂದ ಅವರಿಗೆ ಯಾವ ನಷ್ಟವೂ ಆಗಲಿಲ್ಲ

ನಿನ್ನೆ ಊಟಕ್ಕೆ ಬಂದಿದ್ದ ದಂಪತಿ ಹೋದಾಗಿನಿಂದ ಒಂದೇ ಮಾತು ತಲೆಯೊಳಗೆ ಸುತ್ತುತ್ತಿದೆ. ಎದುರಿಗೆ ಏನೂ ಹೇಳಲಿಲ್ಲ. ಊಟಕ್ಕೆ ಕುಳಿತ ಅತಿಥಿಯೊಂದಿಗೆ ವಾದಕ್ಕಿಳಿಯುವುದು ನನಗೆ ಸರಿ ಕಾಣುವುದಿಲ್ಲ. ಆದರೆ ಒಳಗೇ ಇಟ್ಟುಕೊಂಡು ರಾತ್ರಿಯಿಡೀ ಹೊರಳಾಡಿದ್ದಾಯಿತು, ಇನ್ನು ಬರೆದೇ ತೀರಬೇಕು.

ಇಲ್ಲಿ ಕೆನಡಾದ ವಿನ್ನಿಪೆಗ್‌ನ ನಮ್ಮ ಮನೆಯ ಗೋಡೆಯ ಮೇಲಿರುವ ಚಿತ್ರವನ್ನು ನಿಮ್ಮಲ್ಲಿ ಕೆಲವರು ವಿಡಿಯೋ ಕರೆಯಲ್ಲಿ ನೋಡಿದ್ದೀರಿ. ಹಿಮ ಮುಚ್ಚಿದ ಹಿತ್ತಿಲು, ಎಲೆಯೆಲ್ಲ ಉದುರಿದ ಮರಗಳ ಕಾಂಡಗಳು, ಅವುಗಳ ಹಿಂದೆ ಒಂದು ಸಾಧಾರಣ ಮನೆ. ಅದು ‘ಡಾಕ್ ಸ್ನೈಡರ್ಸ್ ಹೌಸ್’ ಚಿತ್ರದ ಮುದ್ರಿತ ಪ್ರತಿ. 1931ರ ತೈಲಚಿತ್ರ, ಮೂಲ ಇರುವುದು ಒಟ್ಟಾವಾದ ರಾಷ್ಟ್ರೀಯ ಗ್ಯಾಲರಿಯಲ್ಲಿ. ಬರೆದವರು ಲಯನೆಲ್ ಲೆಮೊಯಿನ್ ಫಿಟ್ಜ್‌ಜೆರಾಲ್ಡ್. ಇದೇ ಊರಿನಲ್ಲಿ 1890ರಲ್ಲಿ ಹುಟ್ಟಿ, 1956ರಲ್ಲಿ ಇಲ್ಲೇ ತೀರಿಕೊಂಡವರು. ಬಂದಿದ್ದ ಹುಡುಗ, “ಯಾರು ಆಂಟಿ ಇವರು?” ಎಂದು ಕೇಳಿದ. ಹೇಳಿದೆ. ಇಲ್ಲಿನ ಕಲಾಶಾಲೆಯಲ್ಲಿ ಸುಮಾರು ಕಾಲು ಶತಮಾನ ಮೇಷ್ಟ್ರಾಗಿದ್ದವರು ಎಂದೂ ಹೇಳಿದೆ. ಅವನು ಮರುಕದಿಂದ ತಲೆಯಾಡಿಸಿ, “ಅಯ್ಯೋ ಪಾಪ, ಪಾಠ ಮಾಡುವುದರಲ್ಲೇ ಆಯುಷ್ಯ ಕಳೆದುಹೋಯಿತಲ್ಲ! ಇಲ್ಲದಿದ್ದರೆ ಇನ್ನೆಷ್ಟು ದೊಡ್ಡ ಕಲಾವಿದರಾಗುತ್ತಿದ್ದರೋ” ಎಂದ.

ಹುಡುಗ ಒಳ್ಳೆಯವನು, ಮನಸ್ಸಿನಲ್ಲಿ ಕೆಟ್ಟದ್ದೇನೂ ಇಲ್ಲ. ಆದರೆ ಈ ‘ಪಾಪ’ ನನಗೆ ಸಹಿಸಲಾಗದ ಮಾತು. ಬ್ಯಾಂಕಿನಲ್ಲಿ ದುಡಿದು ಸಂಜೆ ಕವಿತೆ ಬರೆದವರನ್ನು ಮೆಚ್ಚುತ್ತೇವೆ. ವೈದ್ಯರಾಗಿದ್ದು ಕಾದಂಬರಿ ಬರೆದರೆ ಬೆರಗಾಗುತ್ತೇವೆ. ಚಿತ್ರಕಾರ ಮೇಷ್ಟ್ರಾದರೆ ಮಾತ್ರ ಸಂತಾಪ ಸೂಚಿಸುತ್ತೇವೆ! ಮಕ್ಕಳ ಕೈಗೆ ಪೆನ್ಸಿಲ್ ಹಿಡಿಸುವುದು ಕಲೆಯಿಂದ ಕದ್ದ ಕಾಲ ಎಂಬ ಲೆಕ್ಕ ಎಲ್ಲಿಂದ ಬಂತು?

ಫಿಟ್ಜ್‌ಜೆರಾಲ್ಡ್ ಅವರ ಬದುಕನ್ನೇ ನೋಡಿ. ಹದಿನಾಲ್ಕನೆಯ ವಯಸ್ಸಿಗೆ ಶಾಲೆ ಬಿಟ್ಟು ಔಷಧಿಯ ಸಗಟು ವ್ಯಾಪಾರದ ಕಚೇರಿಯಲ್ಲಿ ಕೆಲಸಕ್ಕೆ ಸೇರಿದರು. 1909ರಲ್ಲಿ ಸಂಜೆಯ ಕಲಾ ತರಗತಿಗೆ ಹೋಗತೊಡಗಿದರು. 1912ರಲ್ಲಿ ಮದುವೆ, ಸಂಸಾರ. ಹೊಟ್ಟೆಪಾಡಿಗೆ ಜಾಹೀರಾತಿನ ಚಿತ್ರಗಳು, ಅಂಗಡಿಗಳ ಪ್ರದರ್ಶನ ಕಿಟಕಿಗಳ ಅಲಂಕಾರ. ಇಷ್ಟರ ನಡುವೆ 1921ರಲ್ಲಿ ‘ಸಮ್ಮರ್ ಆಫ್ಟರ್‌ನೂನ್, ದಿ ಪ್ರೈರಿ’ ಬರೆದರು. ದಿಗಂತದ ಗೆರೆಯನ್ನು ಕೆಳಕ್ಕೆ ಇಳಿಸಿ, ಹಾಳೆಯ ಬಹುಪಾಲನ್ನು ಆಕಾಶಕ್ಕೆ ಬಿಟ್ಟುಕೊಟ್ಟ ಚಿತ್ರ ಅದು. ಆಮೇಲೆ ಒಂದು ಚಳಿಗಾಲ ನ್ಯೂಯಾರ್ಕ್‌ನ ಆರ್ಟ್ ಸ್ಟೂಡೆಂಟ್ಸ್ ಲೀಗ್‌ನಲ್ಲಿ ಕಲಿತು ಬಂದರು. 1924ರಲ್ಲಿ ವಿನ್ನಿಪೆಗ್ ಸ್ಕೂಲ್ ಆಫ್ ಆರ್ಟ್‌ನಲ್ಲಿ ಪಾಠಕ್ಕೆ ನಿಂತರು, 1929ರಲ್ಲಿ ಪ್ರಾಂಶುಪಾಲರಾದರು. ಅಂದರೆ ಅವರನ್ನು ಅಂಗಡಿ ಕಿಟಕಿಯ ಕೆಲಸದಿಂದ ಬಿಡಿಸಿ ದಿನವೂ ಚಿತ್ರದ ನಡುವೆಯೇ ನಿಲ್ಲಿಸಿದ್ದು ಈ ಮೇಷ್ಟ್ರ ಕೆಲಸ. ಯಾವುದಕ್ಕೆ ಮರುಗಬೇಕು ಹೇಳಿ?

ಪ್ರಾಂಶುಪಾಲರಾದದ್ದು ಎಂಥ ವರ್ಷದಲ್ಲಿ ಎನ್ನುವುದನ್ನೂ ಮರೆಯಬೇಡಿ. 1929ರ ಕೊನೆಗೆ ಷೇರುಪೇಟೆ ಕುಸಿಯಿತು. ಆಮೇಲೆ ಗೋಧಿಯ ಬೆಲೆ ನೆಲಕಚ್ಚಿತು, ಪ್ರೈರಿಯ ಬಯಲಿನಲ್ಲಿ ಮಳೆಯಿಲ್ಲದೆ ಮಣ್ಣು ಗಾಳಿಗೆ ಹಾರಿಹೋಯಿತು. ಅಂಥ ಹತ್ತು ವರ್ಷ ಒಂದು ಕಲಾಶಾಲೆಯ ಬಾಗಿಲು ಮುಚ್ಚದಂತೆ ನೋಡಿಕೊಂಡವರು ಇವರು. ರೈತರ ಮನೆಯಲ್ಲೇ ದುಡ್ಡಿಲ್ಲದ ಕಾಲದಲ್ಲಿ ಚಿತ್ರ ಕಲಿಸುವ ಶಾಲೆ ಉಳಿಯುವುದೆಂದರೆ ಏನು ಎಂಬುದು ನಮ್ಮಂಥ ಡ್ರಾಯಿಂಗ್ ಶಿಕ್ಷಕರಿಗೆ ಗೊತ್ತು.

‘ಡಾಕ್ ಸ್ನೈಡರ್ಸ್ ಹೌಸ್’ ಬರೆಯಲು ಎರಡು ಚಳಿಗಾಲ ಬೇಕಾಯಿತು. ವಾರವೆಲ್ಲ ಶಾಲೆ, ಉಳಿದ ಹೊತ್ತಿನಲ್ಲಿ ಚಿತ್ರ. ಕೇಳಿದವರು ಥಟ್ಟನೆ, “ನೋಡಿದಿರಾ, ಪಾಠ ಇಲ್ಲದಿದ್ದರೆ ಒಂದೇ ತಿಂಗಳಲ್ಲಿ ಮುಗಿಯುತ್ತಿತ್ತು” ಎನ್ನುತ್ತಾರೆ. ಒಂದು ತಿಂಗಳಲ್ಲಿ ಮುಗಿದಿದ್ದರೆ ಅದು ಬೇರೆ ಚಿತ್ರವಾಗುತ್ತಿತ್ತು! ಆ ಹಿಮದ ಬಿಳುಪನ್ನು ಹತ್ತಿರದಿಂದ ನೋಡಿ. ಎಲ್ಲಿಯೂ ಬರಿಯ ಬಿಳಿಯಿಲ್ಲ. ನೀಲಿಯ ಕಡೆಗೆ ಜಾರುವ ಬಿಳಿ, ನೇರಳೆ ಕುಡಿದ ಬಿಳಿ. ಇದನ್ನು ಕಾಣಲು ಹಿಮವನ್ನು ಒಮ್ಮೆ ನೋಡಿದರೆ ಸಾಲದು. ಅದೇ ಹಿತ್ತಿಲು, ಅದೇ ನೆರೆಮನೆ, ಅದೇ ಮರ ಮತ್ತೆ ಮತ್ತೆ ಕಣ್ಣಿಗೆ ಬೀಳಬೇಕು. ಮರಳಿ ಬಂದಾಗ ನೆರಳು ಬೇರೆ ಕಡೆ ಬಿದ್ದಿರಬೇಕು. ನಿಧಾನವೇ ಆ ಚಿತ್ರದ ಜೀವ. ಆ ನಿಧಾನವನ್ನು ಅವರ ಮೇಲೆ ಹೇರಿದ್ದು ಶಾಲೆಯೇ ಇರಬಹುದು. ಹೇರಿದ್ದನ್ನು ತಮ್ಮದನ್ನಾಗಿ ಮಾಡಿಕೊಂಡವರು ಅವರು.

ಇನ್ನೊಂದು ಸಂಗತಿ. ದೂರ ಹೋಗಲು ಬಿಡುವಿಲ್ಲದ ಮೇಷ್ಟ್ರು ಏನು ಬರೆಯುತ್ತಾರೆ? ಕಿಟಕಿಯಿಂದ ಕಾಣುವುದನ್ನು. ಹಿತ್ತಿಲು, ಬೇಲಿ, ಪಕ್ಕದ ಮನೆಯ ಗೋಡೆ, ಮೇಜಿನ ಮೇಲಿನ ಜಾಡಿ, ಕುಂಡದಲ್ಲಿರುವ ಸಣ್ಣ ಗಿಡ. ‘ದಿ ಜಾರ್’ 1938ರದು, ‘ದಿ ಲಿಟಲ್ ಪ್ಲಾಂಟ್’ 1947ರದು. ಕೆನಡಾದ ಕಲೆಯೆಂದರೆ ಬಂಡೆ, ಸರೋವರ, ಹಿಮಪರ್ವತ, ಗಾಳಿಗೆ ಬಾಗಿದ ಪೈನ್ ಮರ ಎಂದು ದೇಶವೇ ನಂಬಿದ್ದ ಹೊತ್ತಿನಲ್ಲಿ ಈ ಮನುಷ್ಯ ಸಮತಟ್ಟು ನೆಲದ ಒಂದು ಹಿತ್ತಿಲಿಗೆ ಅದೇ ಗೌರವ ಕೊಟ್ಟರು.

ಈ ನೆಲ ಎಂಥ ಸಮತಟ್ಟು ಎನ್ನುವುದು ಬಂದು ನೋಡಿದವರಿಗೇ ಗೊತ್ತು. ಹಿಮಯುಗದ ಕೊನೆಯಲ್ಲಿ ಇಲ್ಲಿ ಅಗಾಸಿಜ್ ಎಂಬ ಮಹಾಸರೋವರ ಹರಡಿಕೊಂಡಿತ್ತು. ಅದು ಬತ್ತಿದ ಮೇಲೆ ಉಳಿದ ತಳದ ಜೇಡಿಮಣ್ಣಿನ ಮೇಲೆಯೇ ವಿನ್ನಿಪೆಗ್ ಕೂತಿದೆ. ಗುಡ್ಡವಿಲ್ಲ, ದಿಣ್ಣೆಯಿಲ್ಲ. ನಾನು ನವಲಗುಂದದ ಎರೆಹೊಲದ ಕಡೆಯವಳು. ಬಂದ ಮೊದಲ ವಾರವೇ ಮಗಳಿಗೆ, “ಇದು ನಮ್ಮೂರೇ ಕಣೇ, ಜೋಳ ಮಾತ್ರ ಇಲ್ಲ” ಎಂದಿದ್ದೆ. ಬಂದವರೆಲ್ಲ ಇಲ್ಲಿ ನೋಡುವುದಕ್ಕೆ ಏನೂ ಇಲ್ಲ ಎನ್ನುತ್ತಾರೆ. ನಮ್ಮ ಎರೆಭೂಮಿಯನ್ನು ಬಸ್ಸಿನ ಕಿಟಕಿಯಿಂದ ನೋಡಿದವರೂ ಇದನ್ನೇ ಹೇಳುತ್ತಿದ್ದರು. ಬಯಲಿನವರಿಗೆ ಈ ಮಾತು ಎಷ್ಟು ಆಳಕ್ಕೆ ಚುಚ್ಚುತ್ತದೆ ಎಂದು ಮಲೆನಾಡಿನ ಗೆಳೆಯರಿಗೆ ವಿವರಿಸಿ ನಾನು ಸೋತಿದ್ದೇನೆ. ಫಿಟ್ಜ್‌ಜೆರಾಲ್ಡ್ ಅವರಿಗೆ ವಿವರಿಸಬೇಕಾಗಿರಲಿಲ್ಲ. ಹುಡುಗನಾಗಿದ್ದಾಗ ಬೇಸಿಗೆಯನ್ನು ದಕ್ಷಿಣ ಮ್ಯಾನಿಟೋಬಾದ ಸ್ನೋಫ್ಲೇಕ್ ಎಂಬ ಹಳ್ಳಿಯಲ್ಲಿ, ಅಜ್ಜ ಅಜ್ಜಿಯ ಹೊಲದಲ್ಲಿ ಕಳೆದವರು ಅವರು. ತೀರಿಕೊಂಡ ಮೇಲೆ ಅವರ ಚಿತಾಭಸ್ಮವನ್ನು ಚೆಲ್ಲಿದ್ದೂ ಅಲ್ಲಿಯ ಹೊಲದಲ್ಲಿಯೇ.

ಮತ್ತೆ ಅದೇ ಮಾತಿಗೆ ಬರುತ್ತೇನೆ, ಬಿಡಲಾಗುತ್ತಿಲ್ಲ. 1932ರಲ್ಲಿ ‘ಗ್ರೂಪ್ ಆಫ್ ಸೆವೆನ್’ ಎಂಬ ಕೆನಡಾದ ಹೆಸರಾಂತ ಚಿತ್ರಕಾರರ ಗುಂಪು ಇವರನ್ನು ತಮ್ಮ ಸದಸ್ಯರನ್ನಾಗಿ ಕರೆದುಕೊಂಡಿತು. ಹೆಸರಿಗೆ ಏಳು ಜನ, ನಡುವೆ ಸೇರಿದವರನ್ನೂ ಎಣಿಸಿದರೆ ಇವರು ಹತ್ತನೆಯವರು, ಕೊನೆಯವರು. ಮರುವರ್ಷ ಗುಂಪೇ ಚದುರಿ ದೊಡ್ಡ ಬಳಗವೊಂದರಲ್ಲಿ ಬೆರೆತುಹೋಯಿತು. ಇವರ ಬಗ್ಗೆ ಬರೆಯುವವರು ಬಹಳಷ್ಟು ಸಲ ಇದನ್ನೇ ಹಿಡಿದುಕೊಳ್ಳುತ್ತಾರೆ. ತಡವಾಗಿ ಬಂದವರು, ದೂರದಲ್ಲಿದ್ದವರು, ಪಾಠದಲ್ಲಿ ಮುಳುಗಿದ್ದವರು. ಸರಿ, ಹಾಗಾದರೆ ಉಳಿದವರು ಏನು ಮಾಡುತ್ತಿದ್ದರು? ಜೆ.ಇ.ಎಚ್. ಮ್ಯಾಕ್‌ಡೊನಾಲ್ಡ್ ಟೊರಾಂಟೊದ ಕಲಾ ಕಾಲೇಜಿನ ಪ್ರಾಂಶುಪಾಲರಾಗಿದ್ದರು. ಫ್ರಾಂಕ್ ಜಾನ್‌ಸ್ಟನ್ ಇದೇ ವಿನ್ನಿಪೆಗ್ ಶಾಲೆಯ ಪ್ರಾಂಶುಪಾಲರಾಗಿದ್ದವರು. ಫ್ರೆಡ್ರಿಕ್ ವಾರ್ಲಿ ವ್ಯಾಂಕೂವರ್‌ನಲ್ಲಿ ಪಾಠ ಮಾಡಿದರು. ಆರ್ಥರ್ ಲಿಸ್ಮರ್ ಅಂತೂ ಟೊರಾಂಟೊದ ಗ್ಯಾಲರಿಯಲ್ಲಿ ಶನಿವಾರದ ಮಕ್ಕಳ ತರಗತಿಗಳನ್ನು ಕಟ್ಟಿ ದೇಶಕ್ಕೇ ಮಾದರಿ ಹಾಕಿಕೊಟ್ಟರು. ಕೆನಡಾ ಹೆಮ್ಮೆಯಿಂದ ತೋರಿಸುವ ಆ ಗುಂಪಿನಲ್ಲಿ ಇಷ್ಟು ಜನ ಮೇಷ್ಟ್ರುಗಳು. ಅವರಿಗೆಲ್ಲ ಇಲ್ಲದ ‘ಪಾಪ’ ಇವರಿಗೊಬ್ಬರಿಗೇ ಏಕೆ? ಬಯಲಿನವರು ಎಂದೇ? ಸದ್ದು ಮಾಡಲಿಲ್ಲ ಎಂದೇ?

ಎದುರುವಾದ ನನಗೆ ಗೊತ್ತಿದೆ, ಅದನ್ನು ಬಚ್ಚಿಡುವುದಿಲ್ಲ. ಕಾಲ ಸಾಲದೆಂಬ ಕೊರಗು ಅವರಿಗೂ ಇತ್ತು. ತೈಲಚಿತ್ರಗಳ ಸಂಖ್ಯೆ ದೊಡ್ಡದಲ್ಲ. 1947ರಲ್ಲಿ ರಜೆ ತೆಗೆದುಕೊಂಡವರು ಮತ್ತೆ ಶಾಲೆಗೆ ಮರಳಲಿಲ್ಲ, 1949ಕ್ಕೆ ಸಂಬಂಧ ಮುಗಿಯಿತು. ಆಮೇಲೆ ಪಶ್ಚಿಮ ಕರಾವಳಿಯಲ್ಲಿ ಇದ್ದು ಬಂದರು, 1951ರಲ್ಲಿ ಮೆಕ್ಸಿಕೊಗೆ ಹೋದರು, ಕೊನೆಯ ವರ್ಷಗಳಲ್ಲಿ ಅಮೂರ್ತದ ಕಡೆಗೆ ಹೊರಳಿ 1954ರ ‘ಆಬ್‌ಸ್ಟ್ರ್ಯಾಕ್ಟ್: ಗ್ರೀನ್ ಅಂಡ್ ಗೋಲ್ಡ್’ ನಂಥದನ್ನು ಬರೆದರು. ಬಿಡುಗಡೆ ಸಿಕ್ಕ ಮೇಲೆ ಹೊಸ ದಾರಿ ತೆರೆಯಿತು, ಆ ಬಿಡುಗಡೆ ಇಪ್ಪತ್ತು ವರ್ಷ ಮೊದಲೇ ಸಿಕ್ಕಿದ್ದರೆ ಎಂದು ಕೇಳುತ್ತಾರೆ. ಈ ವಾದ ನನಗೆ ಒಪ್ಪಿಗೆಯಿಲ್ಲ. ಆ ಅಮೂರ್ತ ಚಿತ್ರಗಳಲ್ಲಿರುವ ಅಚ್ಚುಕಟ್ಟು, ಒಂದು ರೂಪ ಇನ್ನೊಂದಕ್ಕೆ ತಾಗಿ ನಿಲ್ಲುವ ಆ ಬಿಗಿ, ಆಕಾಶದಿಂದ ಬೀಳುವುದಿಲ್ಲ. ವರ್ಷಗಟ್ಟಲೆ ಬಿಡುವಿಲ್ಲದ ಕಾರಣಕ್ಕೇ ಪೆನ್ಸಿಲ್ ಹಿಡಿದು, ಒಂದು ಮರದ ಬುಡ, ಒಂದು ಸೇಬು ಎಂದು ಬರೆದುಕೊಂಡು ಬಂದ ಕೈ ಅದು. ಬೇರೆಯವರ ಹಾಳೆಯಲ್ಲಿ ತಪ್ಪಿದ ಗೆರೆಯನ್ನು ದಿನವೂ ಗುರುತಿಸುವ ಕಣ್ಣು ತನ್ನ ಹಾಳೆಯಲ್ಲಿ ಸುಮ್ಮನಿರುತ್ತದೆಯೇ? ಪಾಠ ಮಾಡಿದವರು ಈ ಪ್ರಶ್ನೆಗೆ ಉತ್ತರ ಕೊಡಲಿ. ಮಾಡದವರ ಅನುಕಂಪ ನಮಗೆ ಬೇಡ.

ನಮಗೆ ಎಂದುಬಿಟ್ಟೆ. ಹೌದು, ಹೇಳಿಯೇ ಬಿಡುತ್ತೇನೆ. ನನಗೆ ಕೆಲಸದ ಆದೇಶ ಬಂದ ದಿನ ಅಣ್ಣ, “ಇನ್ನು ನಿನ್ನ ಚಿತ್ರ ಮುಗಿಯಿತು ಬಿಡು, ಟೀಚರ್ ಆದೆಯಲ್ಲ” ಎಂದಿದ್ದ. ಪ್ರೀತಿಯಿಂದಲೇ ಹೇಳಿದ್ದ. ಆ ಮಾತು ಸೇವೆಯುದ್ದಕ್ಕೂ ನನ್ನ ಬೆನ್ನ ಹಿಂದೆ ನಡೆದು ಬಂತು. ಪರೀಕ್ಷೆ ಹತ್ತಿರ ಬಂದರೆ ಡ್ರಾಯಿಂಗ್ ಪೀರಿಯಡ್ ಗಣಿತಕ್ಕೆ ಹೋಗುತ್ತಿತ್ತು. ಶಾಲಾ ವಾರ್ಷಿಕೋತ್ಸವ ಬಂದರೆ ಮಾತ್ರ ವೇದಿಕೆಯ ಪರದೆಗೆ, ಬ್ಯಾನರಿಗೆ, ರಂಗೋಲಿಗೆ ನನ್ನ ನೆನಪಾಗುತ್ತಿತ್ತು. ಲೋವರ್ ಗ್ರೇಡ್, ಹೈಯರ್ ಗ್ರೇಡ್ ಪರೀಕ್ಷೆಗೆ ಮಕ್ಕಳನ್ನು ಕೂರಿಸಲು ಶನಿವಾರ ಮಧ್ಯಾಹ್ನ ಕೊಠಡಿಯ ಬೀಗದ ಕೈ ಕೇಳಿದರೆ, “ಚಿತ್ರ ಬರೆದು ಹೊಟ್ಟೆ ತುಂಬುತ್ತದೆಯೇ ಮೇಡಂ?” ಎಂದು ಸಹೋದ್ಯೋಗಿಗಳೇ ಕೇಳಿದ್ದಾರೆ. ಅವರ ಮೇಲಿನ ಸಿಟ್ಟು ಇಂದಿಗೂ ಆರಿಲ್ಲ. ಆದರೆ ಆ ಕೊಠಡಿಯಲ್ಲಿ ಕಳೆದ ಶನಿವಾರಗಳು ನನ್ನ ಬದುಕಿನಲ್ಲೇ ಅತ್ಯಂತ ಸಂತೋಷದ ಹೊತ್ತು. ಹೂಜಿಯ ಕತ್ತು ಏಕೆ ಓರೆಯಾಗಿ ಕಾಣುತ್ತಿದೆ ಎಂದು ಒಬ್ಬ ಹುಡುಗಿಗೆ ತೋರಿಸಿಕೊಡುವಾಗ ಹೂಜಿಯನ್ನು ನಾನೇ ಮೊದಲ ಬಾರಿಗೆ ನೋಡಿದ್ದೇನೆ. ಇದನ್ನು ತ್ಯಾಗ ಎಂದು ಕರೆದರೆ ನನಗೆ ಅವಮಾನವಾಗುತ್ತದೆ.

ಇನ್ನು ಆ ಶಾಲೆಯಿಂದ ಹೊರಬಂದವರ ಮಾತು. ಗಾರ್ಡನ್ ಸ್ಮಿತ್ 1919ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ವಿನ್ನಿಪೆಗ್‌ಗೆ ಬಂದು, ಫಿಟ್ಜ್‌ಜೆರಾಲ್ಡ್ ಅವರ ಶಾಲೆಯಲ್ಲಿ ಅವರ ಕೈಕೆಳಗೆ ಕಲಿತವರು. ಆಮೇಲೆ ವ್ಯಾಂಕೂವರ್ ಸೇರಿ ಕೆನಡಾದ ದೊಡ್ಡ ಭೂದೃಶ್ಯ ಚಿತ್ರಕಾರರಲ್ಲಿ ಒಬ್ಬರಾದರು. ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ದಶಕಗಳ ಕಾಲ ಪಾಠ ಮಾಡಿದರು, ಅದರಲ್ಲೂ ಮುಂದೆ ಶಾಲಾ ಶಿಕ್ಷಕರಾಗುವವರಿಗೆ ಕಲಿಸಿದರು. 1989ರಲ್ಲಿ ಕಲಾವಿದರಾದ ಜ್ಯಾಕ್ ಶಾಡ್‌ಬೋಲ್ಟ್, ಬಿಲ್ ರೀಡ್ ಅವರೊಂದಿಗೆ ಸೇರಿ ಉತ್ತರ ವ್ಯಾಂಕೂವರ್‌ನ ಶಾಲೆಗಳಲ್ಲಿ ‘ಆರ್ಟಿಸ್ಟ್ಸ್ ಫಾರ್ ಕಿಡ್ಸ್’ ಎಂಬ ಕೆಲಸ ಆರಂಭಿಸಿದರು. ಚಿತ್ರಕಾರರು ತಮ್ಮ ಮುದ್ರಣಚಿತ್ರಗಳನ್ನು ಕೊಟ್ಟು, ಅವುಗಳನ್ನು ಮಾರಿ ಬಂದ ಹಣದಿಂದ ಮಕ್ಕಳಿಗೆ ಚಿತ್ರಕಲೆ ಕಲಿಸುವ ಏರ್ಪಾಡು ಅದು. ಸ್ಮಿತ್ ನೂರು ವರ್ಷ ಬದುಕಿ 2020ರಲ್ಲಿ ತೀರಿಕೊಂಡರು. 1930ರ ದಶಕದ ಬರಗಾಲದಲ್ಲಿ ವಿನ್ನಿಪೆಗ್‌ನ ಒಂದು ತರಗತಿಯಲ್ಲಿ ನಡೆದ ಪಾಠ ಎಲ್ಲಿಯವರೆಗೆ ಹೋಯಿತು ನೋಡಿ. ಫಿಟ್ಜ್‌ಜೆರಾಲ್ಡ್ ಬರೆಯದೆ ಉಳಿಸಿದ ತೈಲಚಿತ್ರಗಳನ್ನು ಎಣಿಸಿ ಕೊರಗುವವರು ಇದನ್ನು ಏಕೆ ಎಣಿಸುವುದಿಲ್ಲ?

1952ರಲ್ಲಿ ಮ್ಯಾನಿಟೋಬಾ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಅಷ್ಟು ಹೊತ್ತಿಗೆ ಅವರ ಹಳೆಯ ಕಲಾಶಾಲೆ ಅದೇ ವಿಶ್ವವಿದ್ಯಾಲಯದ ಭಾಗವಾಗಿತ್ತು. ಹದಿನಾಲ್ಕಕ್ಕೆ ಶಾಲೆ ಬಿಟ್ಟವರಿಗೆ ಸಿಕ್ಕ ಗೌರವ ಅದು, ನನಗೆ ಓದಿದಾಗಲೆಲ್ಲ ಕಣ್ಣು ತುಂಬುತ್ತದೆ.

ಚಳಿ ಕಡಿಮೆಯಾದ ಮೇಲೆ ಈ ಕಡೆ ಬರುವ ಯೋಚನೆ ಇರುವವರು ಮೊದಲೇ ತಿಳಿಸಿ. ವಿನ್ನಿಪೆಗ್ ಆರ್ಟ್ ಗ್ಯಾಲರಿಗೆ ನಾನೇ ಕರೆದುಕೊಂಡು ಹೋಗುತ್ತೇನೆ. ಅವರ ಕೃತಿಗಳು ಅಲ್ಲಿ ಬಹಳಷ್ಟಿವೆ. ಪೆನ್ಸಿಲ್ ಚಿತ್ರಗಳು ಹೊರಗಿದ್ದರೆ ಮೊದಲು ಅವನ್ನು ನೋಡೋಣ, ತೈಲಚಿತ್ರ ಆಮೇಲೆ.