ಹನ್ನೊಂದು ಜನ, ಮೂರು ದಿನ, ಒಂದು ಕಾರು

ಶಾಲೆಯಲ್ಲಿ ‘ಕಾಲ ಮತ್ತು ಕೆಲಸ’ ಎಂಬ ಲೆಕ್ಕದ ಪಾಠವಿತ್ತು. ಎಂಟು ಆಳುಗಳು ಒಂದು ಗೋಡೆಯನ್ನು ಆರು ದಿನಗಳಲ್ಲಿ ಕಟ್ಟಿದರೆ ಹನ್ನೆರಡು ಆಳುಗಳು ಎಷ್ಟು ದಿನಗಳಲ್ಲಿ ಕಟ್ಟುತ್ತಾರೆ? ನಾಲ್ಕು ಎಂದು ಬರೆದು ಪೂರ್ತಿ ಅಂಕ ಪಡೆದವನು ನಾನು. ಆ ಹನ್ನೆರಡರಲ್ಲಿ ಒಬ್ಬ ಬೀಡಿ ಸೇದಲು ಹೋದರೆ, ಇನ್ನೊಬ್ಬ ‘ಗೋಡೆ ಇಲ್ಲೇ ಯಾಕೆ, ಅಲ್ಲಿ ಯಾಕಿಲ್ಲ’ ಎಂದು ಚರ್ಚೆ ತೆಗೆದರೆ ಏನಾಗುತ್ತದೆ ಎಂದು ಮೇಷ್ಟ್ರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೇಳಿದ್ದರೆ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿರುವ ನನ್ನ ಗ್ಯಾರೇಜಿನಲ್ಲಿ ಹದಿನಾಲ್ಕು ತಿಂಗಳು ಒಂದು ಕಾರಿನ ಅಸ್ಥಿಪಂಜರ ಮಲಗಿರುತ್ತಿರಲಿಲ್ಲ.

ಕಿಟ್ ಕಾರು, ಅಂದರೆ ಬಿಡಿಭಾಗಗಳಿಂದ ಮನೆಯಲ್ಲೇ ಕಟ್ಟಿಕೊಳ್ಳುವ ಕಾರು, ಈ ದೇಶದ ಹಳೆಯ ಹುಚ್ಚು. 1957ರಲ್ಲಿ ಕಾಲಿನ್ ಚಾಪ್ಮನ್ ಅವರ ಲೋಟಸ್ ಕಂಪನಿ ‘ಸೆವೆನ್’ ಎಂಬ ಪುಟ್ಟ ಕಾರನ್ನು ಹೊರತಂದಿತು. ಬಾಗಿಲಿನ ಗೊಡವೆಯಿಲ್ಲ, ಸೂರಿನ ಹಂಗಿಲ್ಲ, ಎರಡು ಸೀಟು, ನಾಲ್ಕು ಚಕ್ರ. ಪೂರ್ತಿ ಕಾರನ್ನು ಕೊಂಡರೆ ಖರೀದಿ ತೆರಿಗೆ ಕೊಡಬೇಕಿತ್ತು. ಬಿಡಿಭಾಗಗಳನ್ನು ಕೊಂಡು ಮನೆಯಲ್ಲಿ ಜೋಡಿಸಿಕೊಂಡರೆ ಬೇಕಿರಲಿಲ್ಲ. ಆದರೆ ಜೋಡಿಸುವ ವಿಧಾನವನ್ನು ಬರೆದು ಪೆಟ್ಟಿಗೆಯಲ್ಲಿ ಇಡುವಂತಿರಲಿಲ್ಲ. ಅದಕ್ಕೆ ಕಂಪನಿಯವರು ಬಿಚ್ಚುವ ವಿಧಾನವನ್ನು ಬರೆದು ಇಟ್ಟರಂತೆ. ಗಿರಾಕಿಗಳು ಅದನ್ನು ಕೊನೆಯ ಸಾಲಿನಿಂದ ಮೊದಲ ಸಾಲಿಗೆ ಓದಿಕೊಂಡರಂತೆ. ಇಲ್ಲಿನ ಕಾರುಪ್ರಿಯರು ಈ ಕಥೆಯನ್ನು ಪುರಾಣ ಹೇಳುವಷ್ಟೇ ಭಕ್ತಿಯಿಂದ ಹೇಳುತ್ತಾರೆ. 1973ರಲ್ಲಿ ಖರೀದಿ ತೆರಿಗೆ ಹೋಗಿ ಬಿಡಿಭಾಗಗಳಿಗೂ ಬೀಳುವ ವ್ಯಾಟ್ ಬಂತು, ಉಳಿತಾಯ ಹೋಯಿತು, ಹುಚ್ಚು ಮಾತ್ರ ಉಳಿಯಿತು. ಅದೇ ವರ್ಷ ಸೆವೆನ್ ತಯಾರಿಸುವ ಹಕ್ಕು ಕೇಟರ್‌ಹ್ಯಾಮ್ ಸಂಸ್ಥೆಗೆ ಹೋಯಿತು. ಅದೇ ಅಚ್ಚಿನ ಕಿಟ್‌ಗಳನ್ನು ಮಾಡುವ ಸಣ್ಣ ಕಂಪನಿಗಳು ಆಮೇಲೆ ಹಲವು ಹುಟ್ಟಿಕೊಂಡವು. ನಾವು ಕೊಂಡದ್ದು ಅಂಥದೊಂದು ಕಂಪನಿಯಿಂದ.

ನನಗೆ ಈ ಹುಚ್ಚು ಹತ್ತಲು ಬೆಂಗಳೂರಿನ ಸೋದರಮಾವ ಕಾರಣ. ಎಂಬತ್ತರ ದಶಕದಲ್ಲಿ ಅವರ ಬಳಿ ಸಿಪಾನಿ ಡಾಲ್ಫಿನ್ ಇತ್ತು. ಬೆಂಗಳೂರಿನಲ್ಲೇ ತಯಾರಾದ ಕಾರು, ಫೈಬರ್ ಗ್ಲಾಸ್ ಬಾಡಿ. ಮನೆಗೆ ಯಾರೇ ಬಂದರೂ ಮಾವ ಎಳನೀರು ಪರೀಕ್ಷಿಸುವವರಂತೆ ಬೆರಳಿನಿಂದ ಬಾನೆಟ್ ತಟ್ಟಿ, “ಕೇಳಿದಿರಾ? ತಗಡಲ್ಲ, ಇದು ಇಂಗ್ಲೆಂಡಿನ ವಿನ್ಯಾಸ” ಎನ್ನುತ್ತಿದ್ದರು. ಅದರ ಮೂಲವಾದ ರಿಲಯಂಟ್ ಕಿಟನ್ ಹುಟ್ಟಿದ್ದು ಟ್ಯಾಮ್‌ವರ್ತ್ ಎಂಬ ಊರಿನಲ್ಲಿ, ನಾನೀಗ ಇರುವ ಮನೆಯಿಂದ ಒಂದು ಗಂಟೆಯೂ ಆಗದ ದಾರಿ, ಎಂದು ಗೊತ್ತಾದ ದಿನ ನಾನು ಇದನ್ನು ದೈವಸಂಕೇತ ಎಂದೇ ತೀರ್ಮಾನಿಸಿದೆ. ಹೆಂಡತಿ ಕಾಕತಾಳೀಯ ಎಂದಳು. ಹದಿನಾಲ್ಕು ತಿಂಗಳು ತನ್ನ ಕಾರನ್ನು ಹೊರಗೆ ಮಳೆಯಲ್ಲಿ ನಿಲ್ಲಿಸಬೇಕಾಗಿ ಬಂದವಳು ಅವಳು. ಹಾಗಾಗಿ ಅವಳ ಮಾತನ್ನೂ ದಾಖಲಿಸುತ್ತಿದ್ದೇನೆ.

ಕಿಟ್ ಮಾರಿದವನು ಇನ್ನೂರು ಗಂಟೆಗಳ ಕೆಲಸ ಎಂದಿದ್ದ. ನಮ್ಮ ಕನ್ನಡಿಗರ ಬಳಗದಲ್ಲಿ ಕಾರಿನ ಮಾತು ಬಂದರೆ ಊಟ ಮರೆಯುವವರು ಹನ್ನೊಂದು ಜನ. ಇನ್ನೂರನ್ನು ಹನ್ನೊಂದರಿಂದ ಭಾಗಿಸಿದೆ: ತಲಾ ಹದಿನೆಂಟು ಗಂಟೆ, ಚಿಲ್ಲರೆ ನಿಮಿಷ. ಮೇ ತಿಂಗಳ ಕೊನೆಯ ಸೋಮವಾರ ಇಲ್ಲಿ ಸಾರ್ವತ್ರಿಕ ರಜೆ. ಶನಿವಾರ, ಭಾನುವಾರ, ಸೋಮವಾರ, ದಿನಕ್ಕೆ ಆರು ಗಂಟೆ. ಸೋಮವಾರ ಸಂಜೆ ಕಾಫಿ ಕುಡಿದು ಕಾರಿನಲ್ಲಿ ಒಂದು ಸುತ್ತು. ಸಾಫ್ಟ್‌ವೇರ್ ಯೋಜನೆಗಳನ್ನು ನಿಭಾಯಿಸುವುದೇ ನನ್ನ ಹೊಟ್ಟೆಪಾಡು. ನಲವತ್ತು ಸಾಲುಗಳ, ಏಳು ಬಣ್ಣಗಳ ಪಟ್ಟಿಯೊಂದನ್ನು ತಯಾರಿಸಿ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದೆ. ಎರಡು ನಿಮಿಷದಲ್ಲಿ ಅದು ಶುಭೋದಯದ ಸೂರ್ಯಕಾಂತಿಗಳ ಕೆಳಗೆ ಸಮಾಧಿಯಾಯಿತು.

ಇಂಥ ಕಿಟ್‌ನಲ್ಲಿ ಚಾಸಿಸ್ ಮತ್ತು ಬಾಡಿ ಹೊಸದು. ಎಂಜಿನ್, ಗೇರ್‌ಬಾಕ್ಸ್, ಬ್ರೇಕ್, ವೈರಿಂಗ್ ಎಲ್ಲ ಒಂದು ಹಳೆಯ ಕಾರಿನಿಂದ ಬರಬೇಕು. ಅಂಗಾಂಗ ದಾನ ಮಾಡುವ ಆ ಕಾರನ್ನು ಇಲ್ಲಿ ಡೋನರ್ ಎಂದೇ ಕರೆಯುತ್ತಾರೆ. ಬಾಗಿಲು ನುಜ್ಜಾಗಿ ಅಗ್ಗಕ್ಕೆ ಸಿಕ್ಕಿದ ಮಾಜ್ಡಾ ಎಂಎಕ್ಸ್-5 ಒಂದನ್ನು ತಂದೆವು. ಏಪ್ರಿಲ್‌ನ ನಾಲ್ಕು ಶನಿವಾರಗಳಲ್ಲಿ ಅದನ್ನು ಬಿಚ್ಚಿದೆವು. ಬಿಚ್ಚುವುದರಲ್ಲಿ ನಮ್ಮವರ ಉತ್ಸಾಹಕ್ಕೆ ಸಾಟಿಯಿಲ್ಲ. ಹಳೆಯ ಲೋಟಸ್ ಕಥೆಯನ್ನು ನೆನಪಿಸಿ, “ಪ್ರತಿ ಹಂತದ ಫೋಟೊ ತೆಗೆಯಿರಿ, ಆಮೇಲೆ ಹಿಂದಿನಿಂದ ನೋಡುತ್ತ ಜೋಡಿಸೋಣ” ಎಂದು ಆಜ್ಞೆ ಮಾಡಿದ್ದೆ. ಒಂಬೈನೂರಕ್ಕೂ ಹೆಚ್ಚು ಫೋಟೊಗಳು ಬಂದವು. ಮೇ ತಿಂಗಳಲ್ಲಿ ತೆರೆದು ನೋಡಿದರೆ ಮುಕ್ಕಾಲುಪಾಲು ಸೆಲ್ಫಿಗಳು. ವೈರಿಂಗಿನ ಅತಿ ಮುಖ್ಯ ಕೂಡುದಾಣ ನಮ್ಮ ಬಳಗದ ಹುಬ್ಬಳ್ಳಿಯವರೊಬ್ಬರ ಎಡಗಿವಿಯ ಹಿಂದಿತ್ತು.

ನಟ್ಟು, ಬೋಲ್ಟು, ವಾಷರ್‌ಗಳನ್ನು ವಿಂಗಡಿಸಿಡಲು ಮೊಸರಿನ ಖಾಲಿ ಡಬ್ಬಿಗಳು ಸಾಲದೆ ಅಡುಗೆಮನೆಯ ಒಗ್ಗರಣೆ ಡಬ್ಬಿಗೂ ಕೈಹಾಕಿದೆ. ಸಾಸಿವೆಯ ಬಟ್ಟಲಿಗೆ ಆರು ಮಿಲಿಮೀಟರಿನ ನಟ್ಟು, ಜೀರಿಗೆಯದಕ್ಕೆ ಎಂಟು, ಮೆಂತ್ಯದ್ದಕ್ಕೆ ಹತ್ತು. ಎಲ್ಲದಕ್ಕೂ ಅಚ್ಚ ಕನ್ನಡದಲ್ಲಿ ಚೀಟಿ ಅಂಟಿಸಿದೆ. ಸಹಾಯಕ್ಕೆಂದು ಬಂದ ನಮ್ಮ ಮಕ್ಕಳ ಪೈಕಿ ಒಬ್ಬರಿಗೂ ಕನ್ನಡ ಓದಲು ಬಾರದು ಎಂಬುದು ಹೊಳೆದದ್ದು, ಅವರು ಎಲ್ಲವನ್ನೂ ನೀಟಾಗಿ ಬಣ್ಣದ ಪ್ರಕಾರ ಮರುವಿಂಗಡಿಸಿದ ಮೇಲೆ.

ಶನಿವಾರ ಎಂಟಕ್ಕೆ ಆರಂಭ ಎಂದಿದ್ದೆ. ಹತ್ತೂವರೆಗೆ ಒಂಬತ್ತು ಜನ ಸೇರಿದರು, ಸಂಸಾರ ಸಮೇತ. ಸಿರಸಿಯವರು ದೊಡ್ಡ ಪಾತ್ರೆಯಲ್ಲಿ ಅಪ್ಪೆಹುಳಿ ತಂದಿದ್ದರು. ಉಪ್ಪಿಟ್ಟಾಯಿತು, ಕಾಫಿಯಾಯಿತು, ಪೂಜೆ ಮಾಡದೆ ಸ್ಪ್ಯಾನರ್ ಹಿಡಿಯುವುದು ಹೇಗೆ ಎಂಬ ಪ್ರಶ್ನೆಯೂ ಬಂತು. ಇನ್ನೂ ಇಲ್ಲದ ಕಾರಿನ ಚಕ್ರಕ್ಕೆ ನಿಂಬೆಹಣ್ಣು ಇಡುವುದೆಲ್ಲಿ ಎಂಬ ಚರ್ಚೆ ಹನ್ನೊಂದೂಮುಕ್ಕಾಲಿನವರೆಗೆ ನಡೆಯಿತು. ಕೊನೆಗೆ ನಾಲ್ಕು ಟೈರುಗಳನ್ನು ಹುಲ್ಲಿನ ಮೇಲೆ ಸಾಲಾಗಿ ಮಲಗಿಸಿ ಮಂಗಳಾರತಿ ಮಾಡಿದೆವು. “ರೀ, ನೀವು ಕಟ್ಟುತ್ತಿರುವುದು ಕಾರೋ, ಉಪನಯನದ ಚಪ್ಪರವೋ?” ಎಂದು ಅಡುಗೆಮನೆಯ ಕಿಟಕಿಯಿಂದ ಪ್ರಶ್ನೆ ತೂರಿ ಬಂತು. ಪಟ್ಟಿಯ ಪ್ರಕಾರ ಆ ಹೊತ್ತಿಗೆ ಎಂಜಿನ್ ಒಳಗಿರಬೇಕಿತ್ತು.

ಇನ್ನೊಂದು ಲೆಕ್ಕವನ್ನು ನಾನು ಮಾಡಿಯೇ ಇರಲಿಲ್ಲ. ಗ್ಯಾರೇಜಿನ ಅಗಲ ಎಂಟು ಅಡಿ, ಕಾರಿನ ಅಗಲ ಐದು ಅಡಿಗಿಂತ ಸ್ವಲ್ಪ ಹೆಚ್ಚು. ಎರಡೂ ಬದಿಯಲ್ಲಿ ಉಳಿಯುವುದು ಒಂದು ಅಡಿ ಚಿಲ್ಲರೆ. ಅಲ್ಲಿ ಒಬ್ಬ ಮನುಷ್ಯ ಅಡ್ಡಡ್ಡ ನಿಲ್ಲಬಹುದು, ಅದೂ ಉಪ್ಪಿಟ್ಟು ತಿನ್ನದಿದ್ದರೆ. ಹೀಗಾಗಿ ಯಾವ ಹೊತ್ತಿನಲ್ಲಿ ನೋಡಿದರೂ ಇಬ್ಬರು ಕೆಲಸ ಮಾಡುತ್ತಿದ್ದರು, ಏಳು ಜನ ಬಾಗಿಲಲ್ಲಿ ನಿಂತು ಬೆಳಕಿಗೆ ಅಡ್ಡವಾಗಿ ಸಲಹೆ ಕೊಡುತ್ತಿದ್ದರು. ಅರಿವಳಿಕೆ ತಜ್ಞರಾದ ನಮ್ಮ ಡಾಕ್ಟರು, “ಮನುಷ್ಯರನ್ನೇ ಮಲಗಿಸಿ ಎಬ್ಬಿಸುತ್ತೇನೆ, ಎಂಜಿನ್ ಯಾವ ಲೆಕ್ಕ” ಎನ್ನುತ್ತ ಹತ್ತು ನಿಮಿಷಕ್ಕೊಮ್ಮೆ ಟಾರ್ಚ್ ಬಿಟ್ಟು ಎಂಜಿನ್ನಿನ ಬಾಯೊಳಗೆ ನೋಡುತ್ತಿದ್ದರು.

ಬ್ರೇಕಿನ ಕೊಳವೆಗಳನ್ನು ಮಾಡುವ ಹೊಣೆ ಹಾಸನದವರದು. ಸೇತುವೆಗಳ ವಿನ್ಯಾಸ ಮಾಡುವವರು, ಅವರ ಕೈ ನಡುಗುವುದಿಲ್ಲ. ತಾಮ್ರದ ಕೊಳವೆಯ ತುದಿಯನ್ನು ಒಂದು ಉಪಕರಣದಲ್ಲಿ ಒತ್ತಿ ಹೂವಿನಂತೆ ಅರಳಿಸಬೇಕು. ಆಮೇಲೆ ಅದು ನಟ್ಟಿನೊಳಗೆ ಕೂತು ಎಣ್ಣೆ ಸೋರದಂತೆ ಹಿಡಿಯುತ್ತದೆ. ಅವರು ಅರಳಿಸಿದ ತುದಿ ಆಭರಣದಂಗಡಿಯಲ್ಲಿ ಇಡುವಂತಿತ್ತು. ಎಲ್ಲರೂ ಕೈಯಿಂದ ಕೈಗೆ ದಾಟಿಸಿ ಮೆಚ್ಚಿದೆವು. ಆಮೇಲೆ ಅವರ ನೋಟ ಮೇಜಿನ ಮೇಲೆ ನೆಟ್ಟಿತು. ನಟ್ಟು ಅಲ್ಲೇ ಇತ್ತು. ತುದಿ ಅರಳಿಸುವ ಮೊದಲು ಅದನ್ನು ಕೊಳವೆಗೆ ಪೋಣಿಸಬೇಕಿತ್ತು. ತುದಿಯನ್ನು ಕತ್ತರಿಸಿ ಇನ್ನೊಮ್ಮೆ ಮಾಡಿದರು. ಸಿರಸಿಯವರು ಅಪ್ಪೆಹುಳಿಯ ಲೋಟ ಹಿಡಿದು, “ಈ ಸಲ ನಟ್ಟು ಹಾಕಿದಿರಾ?” ಎಂದು ಕೇಳಿದ್ದೂ ಉಪಕರಣದ ಹಿಡಿ ಪೂರ್ತಿ ಒತ್ತಿದ್ದೂ ಒಂದೇ ಕ್ಷಣದಲ್ಲಿ. ನಾಲ್ಕನೆಯ ಸಲಕ್ಕೆ ಕೊಳವೆ ಎಷ್ಟು ಗಿಡ್ಡವಾಗಿತ್ತೆಂದರೆ ಅದು ಚಕ್ರದವರೆಗೆ ತಲುಪಲೇ ಇಲ್ಲ.

ಭಾನುವಾರ ಪಕ್ಕದ ಮನೆಯ ಇಂಗ್ಲಿಷ್ ಅಜ್ಜ ಬೇಲಿಯ ಆಚೆ ಬಂದು ನಿಂತರು. ಮೂವತ್ತು ವರ್ಷ ಕಾರು ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಕರೆಯದೆ ಒಳಗೆ ಬರುವುದಿಲ್ಲ, ಕೇಳದೆ ಸಲಹೆ ಕೊಡುವುದಿಲ್ಲ. ನಮ್ಮ ಗುಂಪಿಗೆ ತೀರಾ ಅಪರಿಚಿತವಾದ ತಳಿ. ಮುಂದಿನ ಬ್ರೇಕ್ ಕ್ಯಾಲಿಪರ್‌ಗಳಲ್ಲಿ, ಅಂದರೆ ಚಕ್ರದ ತಟ್ಟೆಯನ್ನು ಕಚ್ಚಿ ಹಿಡಿಯುವ ಇಕ್ಕಳಗಳಲ್ಲಿ, ಯಾವುದು ಯಾವ ಬದಿಗೆ ಎಂದು ನಾನೇ ಕೂಗಿ ಕೇಳಿದೆ. ಡಬ್ಬಿಯನ್ನು ನೋಡಿ, “ಅದು ನಿಯರ್‌ಸೈಡ್” ಎಂದರು. ಡಾಕ್ಟರು ಬಲಬದಿಯಲ್ಲಿ ನಿಂತಿದ್ದರು. ನಿಯರ್ ಎಂದರೆ ಹತ್ತಿರ, ಅಂದರೆ ತಮಗೆ ಹತ್ತಿರದ ಬದಿ ಎಂದುಕೊಂಡು ಬಲಕ್ಕೆ ಬಿಗಿದರು. ಇನ್ನೊಂದು ತಾನಾಗಿ ಎಡಕ್ಕೆ ಹೋಯಿತು. ಇಲ್ಲಿನ ಕಾರುಗಾರರ ಬಾಯಲ್ಲಿ ನಿಯರ್‌ಸೈಡ್ ಎಂದರೆ ರಸ್ತೆಯಂಚಿನ ಬದಿ, ಈ ದೇಶದಲ್ಲಿ ಸದಾ ಎಡ, ನೀವು ಎಲ್ಲಿ ಬೇಕಾದರೂ ನಿಂತಿರಿ. ಅದು ನಮಗೆ ತಿಳಿದದ್ದು ಆರು ಗಂಟೆ ತಡವಾಗಿ.

ಆ ಆರು ಗಂಟೆಗಳನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಬ್ರೇಕಿನ ಕೊಳವೆಗಳೊಳಗಿನ ಗಾಳಿ ತೆಗೆಯಬೇಕಿತ್ತು, ಇಲ್ಲದಿದ್ದರೆ ಪೆಡಲ್ ಗಟ್ಟಿಯಾಗುವುದಿಲ್ಲ. ಒಬ್ಬ ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬ ಚಕ್ರದ ಬಳಿ ಸ್ಕ್ರೂ ಸಡಿಲಿಸಿ ಗುಳ್ಳೆ ಸಹಿತ ಎಣ್ಣೆಯನ್ನು ಹೊರಗೆ ಬಿಟ್ಟು ಮತ್ತೆ ಬಿಗಿಯಬೇಕು. “ಒತ್ತಿ.” “ಒತ್ತಿದೆ.” “ಬಿಡಿ.” “ಬಿಟ್ಟೆ.” ಮಧ್ಯಾಹ್ನ ಎರಡರಿಂದ ಈ ಮಂತ್ರಪಠಣ ನಡೆಯಿತು. ಹುಬ್ಬಳ್ಳಿಯವರ ಬಲಗಾಲು ಸೋತಿತು, ಎಡಗಾಲಿನಿಂದ ಒತ್ತಿದರು. ಲೀಟರುಗಟ್ಟಲೆ ಬ್ರೇಕ್ ಎಣ್ಣೆ ಹರಿಯಿತು. ಪೆಡಲ್ ಮಾತ್ರ ನೆನೆಸಿದ ಅವಲಕ್ಕಿಯಂತೆ ಮೆತ್ತಗೇ ಇತ್ತು. ಕೊಳವೆ ಸೋರುತ್ತಿದೆ ಎಂದು ಒಬ್ಬರು, ಎಣ್ಣೆಯೇ ಕಲಬೆರಕೆ ಎಂದು ಇನ್ನೊಬ್ಬರು, ರಾಹುಕಾಲದಲ್ಲಿ ಹಿಡಿದಿರಿ ಎಂದು ಮೂರನೆಯವರು. ಹಾಸನದವರು ಸಂಕಟದಿಂದ ತಮ್ಮ ಕೊಳವೆಗಳನ್ನೇ ನೋಡುತ್ತಿದ್ದರು. ಇಬ್ಬರ ನಡುವೆ ಮಾತು ನಿಂತಿತು. ಅವರನ್ನು ರಾಜಿ ಮಾಡಿಸಲು ಇಬ್ಬರು ಹೋದರು. ಆ ನಾಲ್ವರನ್ನು ಊಟಕ್ಕೆ ಕರೆಯಲು ಇನ್ನಿಬ್ಬರು. ಎಂಟು ಗಂಟೆಗೆ, ಇನ್ನೂ ಬೆಳಕಿರುವಾಗ, ಅಜ್ಜನನ್ನು ಕೈಮುಗಿದು ಒಳಗೆ ಕರೆದೆ.

ಅವರು ಬಗ್ಗಿ ನೋಡಿದರು. “ಗಾಳಿ ಮೇಲಕ್ಕೆ ಹೋಗುತ್ತದಲ್ಲವೇ?” ಎಂದು ಕೇಳಿದರು. ಹೌದು ಎಂದೆವು, ಒಂಬತ್ತೂ ಜನ ಪದವೀಧರರು. “ನಿಮ್ಮ ಸ್ಕ್ರೂ ಕೆಳಗಿದೆ” ಎಂದರು.

ಕ್ಯಾಲಿಪರ್‌ಗಳು ಎಡಬಲ ಅದಲುಬದಲಾದರೆ ಅವುಗಳಲ್ಲಿ ಮೇಲಿರಬೇಕಾದ ಸ್ಕ್ರೂ ಕೆಳಗೆ ಬರುತ್ತದೆ. ಕೆಳಗಿನಿಂದ ನಾವು ಶುದ್ಧ ಎಣ್ಣೆಯನ್ನೇ ಚೆಲ್ಲುತ್ತಿದ್ದೆವು, ಗಾಳಿ ಮೇಲೆ ನೆಮ್ಮದಿಯಾಗಿ ಕೂತಿತ್ತು. ಮರುದಿನ ಸೋಮವಾರ ಏಳು ಜನ ಬಂದರು. ಜೂನ್ ತಿಂಗಳ ಮೊದಲ ಶನಿವಾರ ನಾಲ್ವರು. ಆಮೇಲೆ ನಾನು ಮತ್ತು ಅಜ್ಜ. ಪ್ರತಿ ಭಾನುವಾರ ಸಂಜೆ ಎರಡು ಗಂಟೆ, ಹೆಚ್ಚು ಮಾತಿಲ್ಲದೆ, ಒಂದು ಲೋಟ ಚಹಾ ಅವರಿಗೆ, ಒಂದು ಲೋಟ ಕಾಫಿ ನನಗೆ. ಆ ಚಳಿಗಾಲದಲ್ಲಿ ಎಂಜಿನ್ ಕೂತಿತು, ವೈರಿಂಗ್ ಮುಗಿಯಿತು, ಹಾಸನದವರ ಕೊಳವೆಗಳಲ್ಲಿ ಒಂದು ಹನಿಯೂ ಸೋರಲಿಲ್ಲ. ಗುಂಪಿನಲ್ಲಿ ಮಾತ್ರ ‘ನಮ್ಮ ಕಾರು ಎಲ್ಲಿಗೆ ಬಂತು?’ ಎಂಬ ಪ್ರಶ್ನೆ ವಾರಕ್ಕೊಮ್ಮೆ ತಪ್ಪದೆ ಬರುತ್ತಿತ್ತು.

ಮನೆಯಲ್ಲಿ ಕಟ್ಟಿದ ಕಾರು ರಸ್ತೆಗಿಳಿಯಬೇಕಾದರೆ ಇಲ್ಲಿ ಐವಿಎ ಎಂಬ ಸರ್ಕಾರಿ ಪರೀಕ್ಷೆ ಪಾಸಾಗಬೇಕು. ದಾರಿಹೋಕನಿಗೆ ತಗುಲಬಹುದಾದ ಅಂಚುಗಳು ಎರಡೂವರೆ ಮಿಲಿಮೀಟರಿನಷ್ಟಾದರೂ ದುಂಡಗಿರಬೇಕು. ಅದಕ್ಕೆ ಕಾಣುವ ನಟ್ಟುಗಳಿಗೆಲ್ಲ ಮಗುವಿಗೆ ಕುಲಾವಿ ತೊಡಿಸಿದಂತೆ ಪ್ಲಾಸ್ಟಿಕ್ ಟೋಪಿ ಹಾಕಿದೆವು. ತಿರುಗಿಸಿ ಬಿಟ್ಟ ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳಬೇಕು. ನಮ್ಮದು ತಿರುಗಿಸಿದಲ್ಲೇ ಧ್ಯಾನಸ್ಥವಾಗಿತ್ತು. ಒಮ್ಮೆ ನಪಾಸು, ಮುಂಚಕ್ರಗಳ ಕೋನ ತಿದ್ದಿ ಎರಡನೆಯ ಸಲ ಪಾಸು.

ಉಳಿದದ್ದು ಒಂದೇ ಕೊರತೆ. ಡೋನರ್ ಕಾರಿನಿಂದ ಬಂದ ಪೆಟ್ರೋಲಿನ ತೇಲುಗುಂಡಿಗೂ ಕಿಟ್‌ನೊಂದಿಗೆ ಬಂದ ಮೀಟರಿಗೂ ಹೊಂದಾಣಿಕೆಯಾಗದೆ ಮುಳ್ಳು ಉಲ್ಟಾ ಓಡುತ್ತಿತ್ತು: ಟ್ಯಾಂಕು ತುಂಬಿದ್ದರೆ ಖಾಲಿ, ಖಾಲಿಯಾದರೆ ಭರ್ತಿ. ಮುಂದಿನ ಭಾನುವಾರ ಸರಿಮಾಡೋಣ ಎಂದರು ಅಜ್ಜ. ಅಲ್ಲಿಯವರೆಗೆ ಯಾರೂ ಮೋಸಹೋಗದಿರಲಿ ಎಂದು ಗುಂಪಿನಲ್ಲಿ ದಪ್ಪಕ್ಷರದಲ್ಲಿ ಬರೆದು ಹಾಕಿದೆ.

ಮೊದಲ ಸವಾರಿಗೆ ಹನ್ನೊಂದೂ ಜನ ಬಂದರು, ಸಂಸಾರ ಸಮೇತ, ನಿಂಬೆಹಣ್ಣಿನ ಸಮೇತ. ಈ ಸಲ ಇಡಲು ನಿಜವಾದ ಚಕ್ರಗಳಿದ್ದವು. ಈ ಕಾರಿನ ಪೆಡಲುಗಳು ಎಷ್ಟು ಒತ್ತೊತ್ತಾಗಿವೆಯೆಂದರೆ ಅಗಲದ ಬೂಟು ಹಾಕಿ ಒಂದನ್ನು ಒತ್ತಿದರೆ ಎರಡು ಒತ್ತುತ್ತವೆ. ಹಾಗಾಗಿ ಬರಿಗಾಲಿನಲ್ಲಿ ಓಡಿಸಬೇಕು. ವಿಮೆಯಲ್ಲಿ ಹೆಸರಿದ್ದವರು ನಾಲ್ವರೇ, ಆದರೂ ಉಳಿದವರೂ ಭಕ್ತಿಯಿಂದ ಪಾದರಕ್ಷೆ ಬಿಟ್ಟರು. ಗ್ಯಾರೇಜಿನ ಬಾಗಿಲು ಮದುವೆಮಂಟಪದ ಬಾಗಿಲಿನಂತೆ ಕಂಡಿತು. ನಾನು ಒಂದು ಸುತ್ತು, ಹಾಸನದವರು ಒಂದು ಸುತ್ತು, ಹುಬ್ಬಳ್ಳಿಯವರು ಎರಡೂ ಕಾಲು ಕ್ಷೇಮವಾಗಿ ಒಂದು ಸುತ್ತು. ಕೊನೆಗೆ ಡಾಕ್ಟರು. ಹತ್ತು ನಿಮಿಷಕ್ಕೆ ಬರುತ್ತೇನೆ ಎಂದು ಹೊರಟವರು ಒಂದು ಗಂಟೆಯಾದರೂ ಬರಲಿಲ್ಲ. ಎಲ್ಲರೂ ಊಟ ಮುಗಿಸಿ ಮನೆಗೆ ಹೊರಟರು. ಬಾಗಿಲಲ್ಲಿ ಒಂದು ಜೊತೆ ಬೂಟು ಉಳಿಯಿತು. ಆಗ ಫೋನ್ ಬಂತು.

“ಎಂಥ ಕಾರು ಕಟ್ಟಿದ್ದೇವೆ ಸ್ವಾಮಿ! ಓಡಿಸಿದಷ್ಟೂ ಪೆಟ್ರೋಲ್ ಏರುತ್ತಲೇ ಇತ್ತು. ಮುಳ್ಳು ಭರ್ತಿಗೆ ಮುಟ್ಟಿದ್ದೇ ತಡ, ಇಲ್ಲಿ ಹೊಲದ ನಡುವೆ ಸುಮ್ಮನೆ ನಿಂತುಬಿಟ್ಟಿದೆ. ಏನೋ ಎಲೆಕ್ಟ್ರಿಕಲ್ ದೋಷವಿರಬೇಕು” ಎಂದರು ಡಾಕ್ಟರು. ಸ್ವಲ್ಪ ಸುಮ್ಮನಿದ್ದು, “ಬರುವಾಗ ನನ್ನ ಬೂಟು ತನ್ನಿ. ಇಲ್ಲಿ ತುರಿಕೆಗಿಡ ಇದೆ” ಎಂದರು.