ಕುಲುಮೆ ಆರಿದ ತಿಂಗಳಿಗೂ ಬಿಲ್ಲು

ನಿನ್ನೆ ಸಂಜೆ ಶಿವಮೊಗ್ಗದ ಹತ್ತಿರದ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ನಮ್ಮ ಪಕ್ಕದ ಶೆಡ್ಡಿನ ಇಂಡಕ್ಷನ್ ಫರ್ನೇಸನ್ನು, ಅಂದರೆ ಕರೆಂಟಿನಿಂದ ಕಬ್ಬಿಣ ಕರಗಿಸುವ ಕುಲುಮೆಯನ್ನು, ಬಿಚ್ಚಿ ಲಾರಿಗೆ ಹೇರುವುದನ್ನು ನೋಡಿದೆ. ಅದರ ಮುಂದೆ ಹತ್ತೊಂಬತ್ತು ವರ್ಷ ನಿಂತು ಎರಕ ಹೊಯ್ದ ಭದ್ರಾವತಿಯ ಹಿರಿಯರೊಬ್ಬರು ಗೇಟಿನ ಹತ್ತಿರ ಕೈಕಟ್ಟಿ ನಿಂತಿದ್ದರು. “ನೀವು ಲೆಕ್ಕ ಬಲ್ಲವರು. ಕುಲುಮೆ ಹಚ್ಚದ ತಿಂಗಳಿಗೂ ನಮ್ಮ ಯಜಮಾನರು ಕರೆಂಟಿಗೆ ಲಕ್ಷಗಟ್ಟಲೆ ಕಟ್ಟಿದ್ದು ಯಾಕೆ?” ಎಂದು ಕೇಳಿದರು. ನನಗೆ ಉತ್ತರ ಗೊತ್ತಿತ್ತು. ಅವರ ಮುಖ ನೋಡಿ ಹೇಳಲಾಗಲಿಲ್ಲ. ರಾತ್ರಿ ನಿದ್ದೆ ಬರಲಿಲ್ಲ.

ಉತ್ತರ ಇದು. ಎಚ್‌ಟಿ, ಅಂದರೆ ಹೈ ಟೆನ್ಷನ್ ತಂತಿಯ ಸಂಪರ್ಕ ಪಡೆದ ಕಾರ್ಖಾನೆ ಎರಡು ಬಗೆಯಲ್ಲಿ ಹಣ ಕೊಡುತ್ತದೆ. ಸುಟ್ಟ ಯೂನಿಟ್ಟಿಗೆ ಒಂದು ದರ. ಇಷ್ಟು ಕೆವಿಎ (ಒಮ್ಮೆಗೆ ಎಳೆಯಬಹುದಾದ ವಿದ್ಯುತ್ತಿನ ಅಳತೆ) ನಮಗಾಗಿ ಕಾಯ್ದಿರಿಸಿ ಎಂದು ಒಪ್ಪಂದ ಮಾಡಿಕೊಂಡದ್ದಕ್ಕೆ ಡಿಮ್ಯಾಂಡ್ ಶುಲ್ಕ. ಆರ್ಡರ್ ಇಲ್ಲದೆ ಕುಲುಮೆ ಆರಿದರೂ, ಒಪ್ಪಿಕೊಂಡ ಕೆವಿಎಯ ಬಹುಪಾಲನ್ನು ಬಳಸಿದಂತೆಯೇ ಲೆಕ್ಕ ಹಾಕಿ ಬಿಲ್ಲು ಬರುತ್ತದೆ. ಕೆವಿಎಗೆ ತಿಂಗಳಿಗೆ ಮುನ್ನೂರು ರೂಪಾಯಿಗೂ ಮೇಲೆ. ಐನೂರು ಕೆವಿಎ ಇರುವ ಸಣ್ಣ ಫೌಂಡ್ರಿಗೆ, ಅಂದರೆ ಎರಕದ ಕಾರ್ಖಾನೆಗೆ, ಇದು ಲಕ್ಷ ರೂಪಾಯಿ ದಾಟುತ್ತದೆ. ಅಚ್ಚಿಗೆ ಒಂದು ಸೌಟು ಲೋಹ ಬಿದ್ದಿರುವುದಿಲ್ಲ, ಆದರೂ ಲಕ್ಷ ರೂಪಾಯಿ!

ತಂತಿ, ಕಂಬ, ಟ್ರಾನ್ಸ್‌ಫಾರ್ಮರುಗಳಿಗೆ ಖರ್ಚಿದೆ, ಯಾರಾದರೂ ಕೊಡಲೇಬೇಕು ಎನ್ನುತ್ತೀರಿ. ಒಪ್ಪುತ್ತೇನೆ. ಎಲ್ಲರಿಂದಲೂ ಒಂದೇ ಅಳತೆಯಲ್ಲಿ ವಸೂಲು ಮಾಡುವುದನ್ನು ಮಾತ್ರ ಒಪ್ಪಲಾರೆ. 11 ಕೆವಿ ತಂತಿಯಿಂದ ಕರೆಂಟು ಪಡೆದು ನಲವತ್ತು ಜನರಿಗೆ ಸಂಬಳ ಕೊಡುವ ಶೆಡ್ಡೂ, ಅಂಗಳದಲ್ಲೇ ಸ್ವಂತ ಸಬ್‌ಸ್ಟೇಷನ್ ಇಟ್ಟುಕೊಂಡ ದೊಡ್ಡ ಕಂಪನಿಯೂ ದರಪಟ್ಟಿಯಲ್ಲಿ ‘ಎಚ್‌ಟಿ ಕೈಗಾರಿಕೆ’ ಎಂಬ ಒಂದೇ ಹೆಸರಿನಡಿ ಬರುತ್ತವೆ. ಬೆಂಗಳೂರಿನಲ್ಲಿ ದರ ನಿಗದಿ ಮಾಡುವ ವಿದ್ಯುತ್ ನಿಯಂತ್ರಣ ಆಯೋಗದ ಮುಂದೆ ‘ದೊಡ್ಡ ಗ್ರಾಹಕರು’ ಎಂಬ ಮಾತು ಬಂದಾಗ ಆ ಶೆಡ್ಡಿನವರೂ ದೊಡ್ಡವರೇ ಆಗಿಬಿಡುತ್ತಾರೆ.

ನಿಜವಾದ ದೊಡ್ಡವರಿಗೆ ಹೊರಹೋಗುವ ಬಾಗಿಲಿದೆ. 2003ರ ವಿದ್ಯುಚ್ಛಕ್ತಿ ಕಾಯ್ದೆಯ 42ನೇ ಕಲಂ ಮುಕ್ತ ಪ್ರವೇಶಕ್ಕೆ, ಅಂದರೆ ಅದೇ ತಂತಿಯಲ್ಲಿ ಬೇರೆ ಮಾರಾಟಗಾರರಿಂದ ವಿದ್ಯುತ್ ತರಿಸಿಕೊಳ್ಳಲು, ದಾರಿ ಮಾಡಿಕೊಟ್ಟಿತು. ಬೇರೆಡೆಯಿಂದ ವಿದ್ಯುತ್ ಕೊಂಡರೆ ಅಡ್ಡ ಸಬ್ಸಿಡಿಯ (ಕೆಲವರಿಗೆ ಅಗ್ಗದಲ್ಲಿ ಕೊಡಲು ಉಳಿದವರಿಂದ ಹೆಚ್ಚು ಪಡೆಯುವ ಹಣದ) ಸರ್ಚಾರ್ಜ್ ಕಟ್ಟಬೇಕು, ಸ್ವಂತ ಬಳಕೆಯ ಉತ್ಪಾದನಾ ಘಟಕವಿದ್ದರೆ ಅದೂ ಇಲ್ಲ. ಆ ವಿನಾಯಿತಿ ಸಿಗಲು ಘಟಕದಲ್ಲಿ ಬಳಕೆದಾರರ ಬಂಡವಾಳ ಕನಿಷ್ಠ 26 ಪ್ರತಿಶತ ಇರಬೇಕು, ಉತ್ಪಾದನೆಯ ಕನಿಷ್ಠ 51 ಪ್ರತಿಶತವನ್ನು ಅವರೇ ಬಳಸಬೇಕು. ಸೋಲಾರ್ ಪಾರ್ಕಿನಲ್ಲಿ ಹಣ ಹೂಡಬಲ್ಲವರು ಹಾಗೆ ಹೊರಟುಹೋಗುತ್ತಾರೆ. ಅವರ ಪಾಲಿನ ಭಾರ ಉಳಿದವರ ಹೆಗಲಿಗೆ ಬರುತ್ತದೆ.

2022ರ ಹಸಿರು ವಿದ್ಯುತ್ ನಿಯಮಗಳು 100 ಕಿಲೋವ್ಯಾಟ್‌ನವರಿಗೂ ಬಾಗಿಲು ತೆರೆದಿವೆಯಲ್ಲ, ನೀವೂ ಹೋಗಿ ಎಂದು ಒಬ್ಬ ಗೆಳೆಯರು ಫೋನಿನಲ್ಲಿ ಹೇಳಿದರು. ಬ್ಯಾಂಕಿನ ಓವರ್‌ಡ್ರಾಫ್ಟಿನಲ್ಲಿ ಈ ತಿಂಗಳ ಸಂಬಳ ಕೊಡುವವನು ಇನ್ನೊಂದು ಜಿಲ್ಲೆಯ ಸೋಲಾರ್ ಘಟಕದಲ್ಲಿ ಪಾಲುದಾರನಾಗಲು ಹಣ ಎಲ್ಲಿಂದ ತರಬೇಕು? ಆ ಸಲಹೆ ನನಗೆ ಸಿಟ್ಟು ತರಿಸಿತು, ಈಗಲೂ ಆರಿಲ್ಲ.

ಒಂದು ಟನ್ ಕಬ್ಬಿಣ ಕರಗಿಸಲು ಸುಮಾರು 600 ಯೂನಿಟ್ ಬೇಕು. 2025ರ ಏಪ್ರಿಲ್‌ನಿಂದ ವಿದ್ಯುತ್ ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿಗಾಗಿ ಯೂನಿಟ್ಟಿಗೆ 36 ಪೈಸೆ ಸರ್ಚಾರ್ಜ್ ಬಂತು. ಪಿಂಚಣಿ ಅವರ ಹಕ್ಕು, ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಟನ್ನಿಗೆ 216 ರೂಪಾಯಿ ಹೆಚ್ಚಾಯಿತು. ವಾಹನದ ಬಿಡಿಭಾಗ ಕೊಳ್ಳುವ ಕಂಪನಿ ಬೆಲೆಯನ್ನು ಪೈಸೆ ಲೆಕ್ಕದಲ್ಲಿ ಚೌಕಾಸಿ ಮಾಡುತ್ತದೆ, ಈ 216ನ್ನು ಅದರ ಮೇಲೆ ಹಾಕಲಾಗದು.

ಮನೆಯ ವಿಷಯವನ್ನೂ ಹೇಳಿಬಿಡಬೇಕು. ತೀರ್ಥಹಳ್ಳಿಯ ಕಡೆ ನಮ್ಮ ಅಡಿಕೆ ತೋಟದಲ್ಲಿ ಅಣ್ಣ ಐದು ಎಚ್‌ಪಿ ಪಂಪು ಓಡಿಸುತ್ತಾನೆ. 10 ಎಚ್‌ಪಿವರೆಗೆ ಬಿಲ್ಲಿಲ್ಲ. ಬೇಸಿಗೆಯಲ್ಲಿ ಆ ನೀರಿಲ್ಲದಿದ್ದರೆ ತೋಟ ಉಳಿಯುವುದಿಲ್ಲ. ತಂಗಿಯ ಓದು ಮುಗಿದದ್ದು ಆ ತೋಟದಿಂದ. ಹಾಗಾಗಿ ಕಾರ್ಖಾನೆಯ ದರ ಇಳಿಸಿದರೆ ರೈತನಿಗೆ ಹೊಡೆತ ಎಂದು ಯಾರಾದರೂ ಹೇಳಿದಾಗ ನನ್ನ ಎದೆ ಎರಡು ಕಡೆಗೂ ಜಗ್ಗುತ್ತದೆ. ಆದರೆ ಆ ಮಾತು ಸರಿಯಲ್ಲ. ಯಾರಿಗಾದರೂ ಅಗ್ಗದಲ್ಲಿ ವಿದ್ಯುತ್ ಕೊಡಬೇಕೆಂದು ಸರ್ಕಾರ ನಿರ್ಧರಿಸಿದರೆ ಆ ಹಣವನ್ನು ತಾನೇ ಮುಂಗಡವಾಗಿ ಕೊಡಬೇಕು ಎಂದು ಕಾಯ್ದೆಯ 65ನೇ ಕಲಂ ಹೇಳುತ್ತದೆ. ಗ್ರಾಹಕರ ದರ ಸರಾಸರಿ ಪೂರೈಕೆ ವೆಚ್ಚದಿಂದ 20 ಪ್ರತಿಶತಕ್ಕಿಂತ ಆಚೀಚೆ ಹೋಗಬಾರದೆಂಬ ಗುರಿಯನ್ನು ಕೇಂದ್ರದ ದರನೀತಿ 2006ರಲ್ಲೇ ಇಟ್ಟಿತು. ಅಣ್ಣನ ನೀರಿನ ಖರ್ಚು ರಾಜ್ಯದ ಬೊಕ್ಕಸದ ಹೊಣೆ. ಮಾಚೇನಹಳ್ಳಿಯ ಶೆಡ್ಡಿನ ಹೊಣೆ ಅಲ್ಲ.

ಶರಾವತಿ ನಮ್ಮದು, ನಮಗೇ ಅಗ್ಗದಲ್ಲಿ ಕೊಡಲಿ ಎಂದು ಕಾಮೆಂಟಿನಲ್ಲಿ ಯಾರೂ ಬರೆಯಬೇಡಿ, ದಯವಿಟ್ಟು. ಜೋಗದಲ್ಲಿ 1948ರಲ್ಲಿ ಶುರುವಾದ ವಿದ್ಯುತ್ ಇಡೀ ರಾಜ್ಯಕ್ಕೆ ಹೋಯಿತು, ಲಿಂಗನಮಕ್ಕಿ ಅಣೆಕಟ್ಟಿಗಾಗಿ ಊರು ಬಿಟ್ಟವರ ನೋವಿಗೆ ಕಾರ್ಖಾನೆಯ ರಿಯಾಯಿತಿ ಪರಿಹಾರವಲ್ಲ. ನಾನು ಮಲೆನಾಡಿಗೆ ಬೇರೆ ದರ ಕೇಳುತ್ತಿಲ್ಲ. ರಾಜ್ಯದ ಎಲ್ಲ ಸಣ್ಣ ಎಚ್‌ಟಿ ಕಾರ್ಖಾನೆಗಳನ್ನು ಪ್ರತ್ಯೇಕ ವರ್ಗ ಮಾಡಿ, ಮೀಟರು ತೋರಿಸಿದ ಬೇಡಿಕೆಗೆ ಮಾತ್ರ ಡಿಮ್ಯಾಂಡ್ ಶುಲ್ಕ ಹಾಕಿ ಎನ್ನುತ್ತಿದ್ದೇನೆ, ಅಷ್ಟೇ.

ಮುಂದಿನ ದರ ಪರಿಷ್ಕರಣೆಗೆ ಆಕ್ಷೇಪಣೆ ಕರೆದಾಗ ಇದನ್ನೇ ಕನ್ನಡದಲ್ಲಿ ಬರೆದು ಪ್ರಮಾಣಪತ್ರದೊಂದಿಗೆ ಸಲ್ಲಿಸುತ್ತೇನೆ, ವಿಚಾರಣೆಗೆ ಹೋಗಿ ಎದ್ದು ನಿಂತು ಹೇಳುತ್ತೇನೆ. ನನ್ನೊಬ್ಬನ ಬಿಲ್ಲು ಸಾಲದು. ಮಾಚೇನಹಳ್ಳಿ, ಭದ್ರಾವತಿಯ ಫೌಂಡ್ರಿಯವರೇ, ಕೆಲಸವಿಲ್ಲದೆ ಕುಲುಮೆ ಆರಿಸಿದ ತಿಂಗಳುಗಳ ಬಿಲ್ಲುಗಳನ್ನು ಹುಡುಕಿ ಪ್ರತಿ ಮಾಡಿಸಿ ಇಡಿ. ಭಾನುವಾರ ಬಂದು ತೆಗೆದುಕೊಂಡು ಹೋಗುತ್ತೇನೆ. ಲಾರಿ ಹೋದ ಶೆಡ್ಡಿನ ಯಜಮಾನರು ಕೊನೆಯ ಆರು ತಿಂಗಳ ಬಿಲ್ಲುಗಳನ್ನು ಇವತ್ತು ಬೆಳಿಗ್ಗೆ ನನ್ನ ಕೈಗಿತ್ತರು.